ಬಾಗಿಲಿಗೆ ಬಂದ ಕಸ್ಟಮ್ಸ್ ಬಿಲ್: ಹಣ ಕೊಡುವ ಮೊದಲು ಹೀಗೆ ಪರಿಶೀಲಿಸಿ

ಹೊರದೇಶದ ವೆಬ್‌ಸೈಟಿನಲ್ಲಿ ಆರ್ಡರ್ ಮಾಡಿದ ಪಾರ್ಸಲ್ ಬಂದಾಗ ಕೊರಿಯರ್‌ನವರು ಒಂದು ಮೊತ್ತ ಹೇಳುತ್ತಾರೆ. ಹೆಚ್ಚಿನವರು ಒಂದೋ ಗೊಣಗುತ್ತಾ ಸ್ಕ್ಯಾನ್ ಮಾಡಿ ಹಣ ಹಾಕುತ್ತಾರೆ, ಇಲ್ಲವೇ ಸಿಟ್ಟಿನಲ್ಲಿ ಪಾರ್ಸಲ್ ಬೇಡ ಎಂದು ವಾಪಸ್ ಕಳಿಸುತ್ತಾರೆ. ಎರಡೂ ಸರಿಯಲ್ಲ. ಆ ಒಂದು ಮೊತ್ತದೊಳಗೆ ಇಬ್ಬರ ಹಣ ಸೇರಿದೆ. ಒಂದು ಭಾಗ ಸರ್ಕಾರಕ್ಕೆ ಹೋಗುವ ಸುಂಕ, ಇನ್ನೊಂದು ಕೊರಿಯರ್ ಕಂಪನಿಯ ಸ್ವಂತ ಶುಲ್ಕ. ಇವೆರಡನ್ನೂ ಬೇರೆ ಮಾಡಿ ನೋಡಿದರೆ ಮಾತ್ರ ಬಿಲ್ ಸರಿಯಿದೆಯೋ ಇಲ್ಲವೋ ಗೊತ್ತಾಗುತ್ತದೆ. ನನ್ನ ಪರಿಚಯದ ಓದಿದವರು, ಕಂಪನಿಗಳಲ್ಲಿ ದೊಡ್ಡ ಕೆಲಸದಲ್ಲಿರುವವರು ಕೂಡ ಇದನ್ನು ಮಾಡುವುದಿಲ್ಲ. ಹಾಗಾಗಿ ಈ ಲೇಖನ.

ಹಂತ 1: ಆರ್ಡರ್ ಮಾಡುವಾಗ

ಹಣ ಕಟ್ಟುವ ಪುಟದಲ್ಲಿ ಸುಂಕ ಸೇರಿದೆಯೇ ಎಂದು ನೋಡಿ. 'ಡಿಡಿಪಿ' ಎಂದಿದ್ದರೆ ಸುಂಕ ಮೊದಲೇ ಕಟ್ಟಿದ ಹಾಗೆ. 'ಡಿಎಪಿ' ಅಥವಾ 'ಡಿಡಿಯು' ಎಂದಿದ್ದರೆ ಸುಂಕ ನಿಮ್ಮ ತಲೆಗೆ. ಅಮೆಜಾನ್‌ನ ವಿದೇಶಿ ತಾಣದಲ್ಲಿ 'ಇಂಪೋರ್ಟ್ ಫೀಸ್ ಡೆಪಾಸಿಟ್' ಎಂದು ಅಂದಾಜು ಮೊತ್ತ ಮೊದಲೇ ಹಿಡಿದು, ನಿಜವಾದ ಸುಂಕ ಕಡಿಮೆಯಾದರೆ ಉಳಿದದ್ದನ್ನು ವಾಪಸ್ ಕೊಡುತ್ತಾರೆ. ಮೊದಲೇ ಕಟ್ಟುವ ಆಯ್ಕೆ ಇದ್ದರೆ ಅದನ್ನೇ ತೆಗೆದುಕೊಳ್ಳಿ, ಸ್ವಲ್ಪ ಜಾಸ್ತಿ ಆದರೂ ಸರಿ. ಬಾಗಿಲಲ್ಲಿ ನಿಂತು ವಾದ ಮಾಡುವುದು ತಪ್ಪುತ್ತದೆ.

ಯುರೋಪ್, ಜಪಾನ್ ಅಂಗಡಿಗಳಲ್ಲಿ ಇನ್ನೊಂದನ್ನು ಗಮನಿಸಿ. ಅಲ್ಲಿನ ಬೆಲೆಯಲ್ಲಿ ಆ ದೇಶದ ತೆರಿಗೆ ಸೇರಿರುತ್ತದೆ. ಹೊರದೇಶಕ್ಕೆ ಕಳಿಸುವಾಗ ಅದನ್ನು ಕಳೆದು ಕೊಡುವ ಅಂಗಡಿಗಳಿವೆ. ನಿಮ್ಮ ವಿಳಾಸ ಹಾಕಿದ ಮೇಲೆ ಬೆಲೆ ಇಳಿಯಿತೇ ನೋಡಿ. ಇಳಿಯದಿದ್ದರೆ ಅಂಗಡಿಗೆ ಒಂದು ಇಮೇಲ್ ಹಾಕಿ ಕೇಳಿ. ಇಲ್ಲದಿದ್ದರೆ ಅವರ ತೆರಿಗೆಯ ಮೇಲೂ ನೀವು ಇಲ್ಲಿ ಸುಂಕ ಕಟ್ಟುತ್ತೀರಿ.

'ಗಿಫ್ಟ್ ಅಂತ ಬರೆದು ಕಳಿಸಿ' ಎಂದು ಅಂಗಡಿಯವರನ್ನು ಕೇಳಬೇಡಿ. ಮೊದಲು 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕ ಇರಲಿಲ್ಲ. ಜನ ಅದನ್ನು ದುರ್ಬಳಕೆ ಮಾಡಿಕೊಂಡರು. 2019ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಲ್ಲಿಸಿತು. ಈಗ ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ಆ ವಿನಾಯಿತಿ. ಅಮೆರಿಕದಲ್ಲಿರುವ ಮಗ ಅಮ್ಮನಿಗೆ ಆನ್‌ಲೈನ್‌ನಲ್ಲಿ ಏನಾದರೂ ಕಳಿಸುವುದಾದರೂ ಅಷ್ಟೆ, ಪೂರ್ತಿ ಸುಂಕ ಕಟ್ಟಿದರೆ ಅಡ್ಡಿಯಿಲ್ಲ. ಬೆಲೆ ಕಡಿಮೆ ತೋರಿಸುವುದಂತೂ ಇನ್ನೂ ಅಪಾಯ. ಸಿಕ್ಕಿಬಿದ್ದರೆ ವಸ್ತುವನ್ನು ಮುಟ್ಟುಗೋಲು ಹಾಕಬಹುದು, ದಂಡ ಬೇರೆ.

ಡ್ರೋನ್, ಇ-ಸಿಗರೇಟು ತರಿಸಬೇಡಿ, ನಿಷೇಧವಿದೆ. ವಾಕಿಟಾಕಿಯಂಥ ವೈರ್‌ಲೆಸ್ ಸಾಧನ, ಬೀಜ, ಗಿಡ ಇವಕ್ಕೆ ಬೇರೆ ಅನುಮತಿ ಬೇಕು.

ಹಂತ 2: ಕೆವೈಸಿ

ಪಾರ್ಸಲ್ ದೇಶಕ್ಕೆ ಬರುವಾಗ ಕೊರಿಯರ್ ಕಂಪನಿ ನಿಮ್ಮ ಗುರುತಿನ ದಾಖಲೆ ಕೇಳುತ್ತದೆ. ಆಧಾರ್, ಪಾಸ್‌ಪೋರ್ಟ್ ಹೀಗೆ ಯಾವುದಾದರೂ. ಆರ್ಡರ್‌ನಲ್ಲಿರುವ ಹೆಸರು, ದಾಖಲೆಯಲ್ಲಿರುವ ಹೆಸರು ಒಂದೇ ಇರಲಿ. 'ಪುಟ್ಟಿ', 'ಮಂಜು' ಎಂದು ಮನೆಯ ಹೆಸರಲ್ಲಿ ಆರ್ಡರ್ ಮಾಡಿ ವಾರಗಟ್ಟಲೆ ಕಾದವರಿದ್ದಾರೆ. ಪ್ರತಿಯ ಮೇಲೆ ಏರ್‌ವೇ ಬಿಲ್, ಅಂದರೆ ಪಾರ್ಸಲ್‌ನ ಸಾಗಣೆ ಚೀಟಿಯ ನಂಬರ್ ಹಾಕಿ, 'ಈ ಏರ್‌ವೇ ಬಿಲ್‌ನ ಕಸ್ಟಮ್ಸ್ ಕ್ಲಿಯರೆನ್ಸ್‌ಗೆ ಮಾತ್ರ' ಎಂದು ಬರೆದು, ತಾರೀಕು ಹಾಕಿ ಕಳಿಸಿ. ತಡಮಾಡಿದರೆ ಗೋದಾಮು ಬಾಡಿಗೆ, ಅಂದರೆ ಡೆಮರೇಜ್ ಏರುತ್ತಾ ಹೋಗುತ್ತದೆ.

ಮೋಸಗಾರರು ಬಲೆ ಹಾಕುವುದು ಇಲ್ಲೇ. 'ನಿಮ್ಮ ಪಾರ್ಸಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, ಈ ಲಿಂಕ್ ಒತ್ತಿ ಹಣ ಕಟ್ಟಿ' ಎಂಬ ಮೆಸೇಜ್ ಬಂದರೆ ಒತ್ತಬೇಡಿ. ಕಂಪನಿಯ ವೆಬ್‌ಸೈಟನ್ನು ನೀವೇ ತೆರೆದು, ಏರ್‌ವೇ ಬಿಲ್ ನಂಬರ್ ಹಾಕಿ ನೋಡಿ. ಕಸ್ಟಮ್ಸ್ ಅಧಿಕಾರಿಗಳು ಫೋನ್ ಮಾಡಿ, ಖಾಸಗಿ ಬ್ಯಾಂಕ್ ಖಾತೆಗೆ ಸುಂಕ ಹಾಕಿ ಎನ್ನುವುದಿಲ್ಲ. ಇಲಾಖೆಯ ಪತ್ರಗಳಲ್ಲಿ 'ಡಿಐಎನ್' ಎಂಬ ಸಂಖ್ಯೆ ಇರುತ್ತದೆ, ಅದನ್ನು ಸಿಬಿಐಸಿ, ಅಂದರೆ ಕೇಂದ್ರದ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿಯ ವೆಬ್‌ಸೈಟಿನಲ್ಲಿ ಪರಿಶೀಲಿಸಬಹುದು. 'ನಿಮ್ಮ ಪಾರ್ಸಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ವಿಡಿಯೊ ಕಾಲ್‌ಗೆ ಬನ್ನಿ' ಎಂದರೆ ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 3: ಬಿಲ್ ಓದುವುದು

ಎಲ್ಲರೂ ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ನೋಡೋಣ. ಕೊರಿಯರ್ ಕಂಪನಿಯಿಂದ ಎರಡು ಕಾಗದ ಕೇಳಿ ಪಡೆಯಿರಿ: 'ಬಿಲ್ ಆಫ್ ಎಂಟ್ರಿ', ಅಂದರೆ ವಸ್ತುವಿನ ಮೌಲ್ಯ, ಸುಂಕ ತೋರಿಸಿ ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ದಾಖಲೆ, ಮತ್ತು ಕಂಪನಿಯ ಸ್ವಂತ ಇನ್‌ವಾಯ್ಸ್. ಇನ್‌ವಾಯ್ಸ್ ಒಂದನ್ನೇ ಕೊಟ್ಟು ಸುಮ್ಮನಾದರೆ ಬಿಡಬೇಡಿ. ಸರ್ಕಾರಕ್ಕೆ ಎಷ್ಟು ಹೋಯಿತು ಎಂಬುದಕ್ಕೆ ಬಿಲ್ ಆಫ್ ಎಂಟ್ರಿಯೇ ಆಧಾರ.

ಬಿಲ್ ಆಫ್ ಎಂಟ್ರಿಯಲ್ಲಿ ಮೊದಲು ನೋಡಬೇಕಾದದ್ದು ಸುಂಕದ ದರವಲ್ಲ, ವಸ್ತುವಿನ ಮೌಲ್ಯ. ಸುಂಕ ಎಲ್ಲವೂ ಆ ಮೌಲ್ಯದ ಮೇಲೆಯೇ ಬೀಳುವುದು. ಅದರಲ್ಲಿ ಮೂರು ಸೇರಿರುತ್ತವೆ: ವಸ್ತುವಿನ ಬೆಲೆ, ಸಾಗಣೆ ಖರ್ಚು, ವಿಮೆ.

ಬೆಲೆ ಎಂದರೆ ನೀವು ನಿಜವಾಗಿ ಕೊಟ್ಟ ಬೆಲೆ. ಕೂಪನ್ ಹಾಕಿ ಕಡಿಮೆಗೆ ಕೊಂಡಿದ್ದೀರಿ, ಆದರೆ ಪಾರ್ಸಲ್ ಮೇಲೆ ಅಂಟಿಸಿದ ಕಾಗದದಲ್ಲಿ ಅಂಗಡಿಯವರು ಮೂಲ ಬೆಲೆಯನ್ನೇ ಹಾಕಿರಬಹುದು. ಕಾರ್ಡ್ ಸ್ಟೇಟ್‌ಮೆಂಟ್ ಮತ್ತು ಆರ್ಡರ್ ಪುಟದ ಪಿಡಿಎಫ್ ಇಟ್ಟುಕೊಂಡಿರಿ. ವಿದೇಶಿ ಹಣವನ್ನು ರೂಪಾಯಿಗೆ ಬದಲಿಸಿದ ದರವನ್ನೂ ನೋಡಿ. ಬ್ಯಾಂಕ್ ದರವಾಗಲಿ, ಗೂಗಲ್ ತೋರಿಸುವ ದರವಾಗಲಿ ಇಲ್ಲಿ ನಡೆಯುವುದಿಲ್ಲ. ಕಸ್ಟಮ್ಸ್ ತನ್ನದೇ ವಿನಿಮಯ ದರವನ್ನು ತಿಂಗಳಿಗೆ ಎರಡು ಬಾರಿ ಪ್ರಕಟಿಸುತ್ತದೆ. ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ ಯಾವ ದರ ಇತ್ತೋ ಅದೇ ಲೆಕ್ಕ. ಆ ದರ ಕಸ್ಟಮ್ಸ್ ಇಲಾಖೆಯ ಐಸ್‌ಗೇಟ್ ಪೋರ್ಟಲ್‌ನಲ್ಲಿ ಸಿಗುತ್ತದೆ.

ಇನ್ನು ಸಾಗಣೆ. ಇದು ತುಂಬಾ ಜನರಿಗೆ ಗೊತ್ತಿಲ್ಲ, ದಯವಿಟ್ಟು ನೆನಪಿಟ್ಟುಕೊಳ್ಳಿ. 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳ 10ನೇ ನಿಯಮದ ಪ್ರಕಾರ, ವಿಮಾನದಲ್ಲಿ ಬಂದ ವಸ್ತುವಿಗೆ ಸಾಗಣೆ ಖರ್ಚನ್ನು ವಸ್ತುವಿನ ಬೆಲೆಯ 20%ಕ್ಕಿಂತ ಜಾಸ್ತಿ ಸೇರಿಸುವಂತಿಲ್ಲ. ನೀವು ಕೊರಿಯರ್‌ಗೆ ಅದಕ್ಕಿಂತ ಎಷ್ಟೇ ಜಾಸ್ತಿ ಕೊಟ್ಟಿದ್ದರೂ ಸುಂಕದ ಲೆಕ್ಕಕ್ಕೆ 20% ಮಿತಿ. ವಿಮೆಯ ಖರ್ಚು ಎಷ್ಟೆಂದು ಗೊತ್ತಿಲ್ಲದಿದ್ದರೆ ಬೆಲೆಯ 1.125% ಸೇರಿಸುತ್ತಾರೆ.

ಒಂದು ಲೆಕ್ಕ ಮಾಡೋಣ. ಜಪಾನಿನಿಂದ ಒಂದು ಫೌಂಟನ್ ಪೆನ್. ಬೆಲೆ ಕಸ್ಟಮ್ಸ್ ದರದಲ್ಲಿ 10,000 ರೂಪಾಯಿ. ಕೊರಿಯರ್‌ಗೆ ನೀವು ಕೊಟ್ಟದ್ದು 3,500. ಸಾಗಣೆಯ ಲೆಕ್ಕ 2,000ಕ್ಕೆ ನಿಲ್ಲಬೇಕು. ವಿಮೆ 112.50. ಒಟ್ಟು ಮೌಲ್ಯ 12,112.50.

ಈಗ ದರ. ಮೊದಲು ಮೂಲ ಕಸ್ಟಮ್ಸ್ ಸುಂಕ. ಅದರ ಮೇಲೆ, ಅಂದರೆ ಆ ಸುಂಕದ ಮೊತ್ತದ ಮೇಲೆ, 10% ಸಮಾಜ ಕಲ್ಯಾಣ ಸರ್‌ಚಾರ್ಜ್. ಮೌಲ್ಯ, ಸುಂಕ, ಸರ್‌ಚಾರ್ಜ್ ಮೂರನ್ನೂ ಕೂಡಿಸಿ, ಆ ಮೊತ್ತದ ಮೇಲೆ ಐಜಿಎಸ್‌ಟಿ, ಅಂದರೆ ಆಮದು ವಸ್ತುವಿಗೆ ಬೀಳುವ ಜಿಎಸ್‌ಟಿ. ಲೆಕ್ಕ ತೋರಿಸಲು ಮೂಲ ಸುಂಕ 10%, ಐಜಿಎಸ್‌ಟಿ 18% ಎಂದು ಇಟ್ಟುಕೊಳ್ಳೋಣ. ನಿಮ್ಮ ಬಿಲ್‌ನಲ್ಲಿ ಯಾವ ದರ ಇದೆಯೋ ಅದನ್ನು ಹಾಕಿ. ಸುಂಕ 1,211.25, ಸರ್‌ಚಾರ್ಜ್ 121.13, ಐಜಿಎಸ್‌ಟಿ 2,420.08. ಒಟ್ಟು ಸುಮಾರು 3,752 ರೂಪಾಯಿ. ಸಾಗಣೆಗೆ ಮಿತಿ ಹಾಕದೆ ಪೂರ್ತಿ 3,500 ಸೇರಿಸಿದ್ದರೆ ಇದು 4,217 ಆಗುತ್ತಿತ್ತು. ಒಂದೇ ಸಾಲಿನ ತಪ್ಪಿಗೆ 465 ರೂಪಾಯಿ ಜಾಸ್ತಿ!

ಹುಡುಕಿದರೆ '77.28% ಸುಂಕ' ಎಂಬ ಹಳೆಯ ಬರಹಗಳು ಇನ್ನೂ ಸಿಗುತ್ತವೆ. ಅದು ವೈಯಕ್ತಿಕ ಬಳಕೆಯ ವಸ್ತುಗಳಿಗೆ ಮೂಲ ಸುಂಕ 35%, ಐಜಿಎಸ್‌ಟಿ 28% ಇದ್ದ ಕಾಲದ ಲೆಕ್ಕ. 35 ಮತ್ತು 3.5 ಸೇರಿ 38.5. ಆಮೇಲೆ 138.5ರ ಮೇಲೆ 28%, ಅಂದರೆ 38.78. ಎರಡೂ ಕೂಡಿ 77.28. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳ ಪಟ್ಟಿಯೇ ಬದಲಾಗಿದೆ. ಕಸ್ಟಮ್ಸ್ ದರವೂ ಬಜೆಟ್‌ಗಳಲ್ಲಿ ಬದಲಾಗುತ್ತದೆ. ಯಾರೋ ಎಂದೋ ಬರೆದಿಟ್ಟ ಶೇಕಡಾವಾರು ನಂಬಿ ಆರ್ಡರ್ ಮಾಡಬೇಡಿ, ಐಸ್‌ಗೇಟ್‌ನ ಸುಂಕ ಲೆಕ್ಕದ ಪುಟದಲ್ಲಿ ನೋಡಿ.

ಬಿಲ್ ಆಫ್ ಎಂಟ್ರಿಯಲ್ಲಿ 9804 ಎಂಬ ಸಂಖ್ಯೆ ಕಂಡರೆ, ವಸ್ತುವನ್ನು ವೈಯಕ್ತಿಕ ಬಳಕೆಗೆ ಎಂದು ಪರಿಗಣಿಸಿದ್ದಾರೆ ಎಂದರ್ಥ. ಬೇರೆ ಸಂಖ್ಯೆ ಇದ್ದರೆ ಯಾಕೆ ಎಂದು ಕೇಳಿ. ಒಂದೇ ಥರದ ಹನ್ನೆರಡು ಪೆನ್ ತರಿಸಿ ವೈಯಕ್ತಿಕ ಬಳಕೆ ಎಂದರೆ ಅಧಿಕಾರಿಗಳು ಒಪ್ಪಬೇಕಿಲ್ಲ. ಮಾರಾಟಕ್ಕೆ ತರಿಸುವವರು ಆಮದು-ರಫ್ತು ಕೋಡ್, ಅಂದರೆ ಐಇಸಿ ಮಾಡಿಸಿಕೊಳ್ಳಬೇಕು.

ಹಂತ 4: ಕಂಪನಿಯ ಸ್ವಂತ ಶುಲ್ಕ

ಇನ್‌ವಾಯ್ಸ್‌ನಲ್ಲಿ ಸುಂಕ ಬಿಟ್ಟು ಉಳಿದ ಸಾಲುಗಳೆಲ್ಲ ಕಂಪನಿಯವು. ನಿಮ್ಮ ಪರವಾಗಿ ಸುಂಕವನ್ನು ಮುಂಗಡ ಕಟ್ಟಿದ್ದಕ್ಕೆ ಒಂದು ಶುಲ್ಕ, ಕ್ಲಿಯರೆನ್ಸ್‌ಗೆ ಒಂದು, ಗೋದಾಮಿಗೆ ಇನ್ನೊಂದು. ಇವುಗಳ ಮೇಲೆ 18% ಜಿಎಸ್‌ಟಿ. ವಸ್ತುವಿನ ಐಜಿಎಸ್‌ಟಿ ಬೇರೆ, ಈ ಜಿಎಸ್‌ಟಿ ಬೇರೆ. 'ಎರಡು ಸಲ ಜಿಎಸ್‌ಟಿ ಹಾಕಿದ್ದಾರೆ' ಎಂದು ಕೂಗಾಡುವ ಮೊದಲು ಯಾವುದು ಯಾವುದರ ಮೇಲೆ ಎಂದು ನೋಡಿ.

ಕಡಿಮೆ ಬೆಲೆಯ ವಸ್ತುವಿಗೆ ನಿಜವಾದ ಹೊರೆ ಈ ಶುಲ್ಕಗಳೇ. ಮುಂಗಡದ ಶುಲ್ಕಕ್ಕೆ ಕನಿಷ್ಠ ಮೊತ್ತ ಎಂದು ಒಂದು ಇರುತ್ತದೆ. ಸುಂಕ 300 ರೂಪಾಯಿ ಆದರೂ ಆ ಕನಿಷ್ಠ ಬಿಡುವುದಿಲ್ಲ. ಪ್ರತಿ ಕಂಪನಿಯ ಶುಲ್ಕದ ಪಟ್ಟಿ ಅದರ ಭಾರತದ ವೆಬ್‌ಸೈಟಿನಲ್ಲಿ ಇರುತ್ತದೆ. ಆರ್ಡರ್ ಮಾಡುವ ಮೊದಲೇ ಓದಿ. ಸಣ್ಣ ಸಣ್ಣ ಆರ್ಡರ್ ಬೇಡ, ಬೇಕಾದ್ದನ್ನೆಲ್ಲ ಸೇರಿಸಿ ಒಂದೇ ಸಲ ತರಿಸಿ. ಪಟ್ಟಿಯಲ್ಲಿ ಇಲ್ಲದ ಶುಲ್ಕ ಬಿಲ್‌ನಲ್ಲಿ ಇದ್ದರೆ ಕೊಡಬೇಡಿ, ಲಿಖಿತವಾಗಿ ವಿವರಣೆ ಕೇಳಿ.

ಹಂತ 5: ತಪ್ಪು ಕಂಡರೆ

ತಿದ್ದಿಸುವುದು ಸುಲಭ ಇರುವುದು ಬಿಲ್ ಆಫ್ ಎಂಟ್ರಿ ಸಲ್ಲಿಸುವ ಮೊದಲು. ಕೆವೈಸಿ ಕೇಳಿದಾಗಲೇ ಆರ್ಡರ್ ಪುಟ, ಹಣ ಕಟ್ಟಿದ ದಾಖಲೆ, ವಸ್ತು ಏನೆಂಬ ಸ್ಪಷ್ಟ ವಿವರ ಮೂರನ್ನೂ ಒಟ್ಟಿಗೆ ಕಳಿಸಿಬಿಡಿ. 'ಸ್ಟೇಷನರಿ' ಎಂದು ಬರೆಯಬೇಡಿ, 'ಒಂದು ಫೌಂಟನ್ ಪೆನ್, ಸ್ವಂತ ಬಳಕೆಗೆ' ಎಂದು ಬರೆಯಿರಿ.

ಆಮೇಲೆ ತಪ್ಪು ಕಂಡರೆ ಫೋನ್ ಬೇಡ, ಇಮೇಲ್ ಮಾಡಿ. ಏರ್‌ವೇ ಬಿಲ್ ನಂಬರ್, ತಪ್ಪಾದ ಸಾಲು, ಸರಿಯಾದ ಲೆಕ್ಕ ಇಷ್ಟೇ ಇರಲಿ. ಡೆಲಿವರಿ ಹುಡುಗನ ಜೊತೆ ಜಗಳ ಆಡಬೇಡಿ, ಅವನ ಕೈಯಲ್ಲಿ ಏನೂ ಇಲ್ಲ. ಪಾರ್ಸಲ್ ಬೇಡ ಎನ್ನುವುದೂ ಪರಿಹಾರವಲ್ಲ. ವಾಪಸ್ ಹೋದ ವಸ್ತುವಿನ ಸುಂಕ ತಾನಾಗಿ ಮರಳಿ ಬರುವುದಿಲ್ಲ, ಅಂಗಡಿಯವರು ಸಾಗಣೆ ಖರ್ಚು ಮುರಿದುಕೊಂಡೇ ನಿಮ್ಮ ಹಣ ಕೊಡಬಹುದು.

ಜಾಸ್ತಿ ಕಟ್ಟಿದ ಸುಂಕವನ್ನು ವಾಪಸ್ ಕೇಳಲು ಕಸ್ಟಮ್ಸ್ ಕಾಯ್ದೆಯ 27ನೇ ಸೆಕ್ಷನ್ ಒಂದು ವರ್ಷ ಸಮಯ ಕೊಡುತ್ತದೆ. ಆದರೆ ಅದಕ್ಕೆ ಮೊದಲು ಬಿಲ್ ಆಫ್ ಎಂಟ್ರಿಯೇ ತಿದ್ದಾಗಬೇಕು. ದೊಡ್ಡ ಮೊತ್ತವಾದರೆ ಹೋರಾಡಿ, ನಾನೂರು ಐನೂರು ರೂಪಾಯಿಗೆ ಆ ಓಡಾಟ ಬೇಡ. ಕಂಪನಿಯ ಶುಲ್ಕದ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಇಮೇಲ್‌ಗೆ ಉತ್ತರ ಬಾರದಿದ್ದಾಗ ಅಲ್ಲಿ ದೂರು ದಾಖಲಿಸಿ.

ಅಂಚೆ ಎಂಬ ಇನ್ನೊಂದು ದಾರಿ

ಅಂಗಡಿಯವರು ಅಂಚೆಯಲ್ಲೂ ಕಳಿಸುತ್ತಾರೆ ಎಂದಾದರೆ, ಸಣ್ಣ ವಸ್ತುಗಳಿಗೆ ನಾನು ಅದನ್ನೇ ಹೇಳುತ್ತೇನೆ. ಪಾರ್ಸಲ್ ವಿದೇಶಿ ಅಂಚೆ ಕಚೇರಿಗೆ ಬರುತ್ತದೆ, ಬೆಂಗಳೂರಿನಲ್ಲೂ ಒಂದಿದೆ. ಕಸ್ಟಮ್ಸ್‌ನವರು ಅಲ್ಲೇ ಸುಂಕ ಹಾಕುತ್ತಾರೆ, ಪೋಸ್ಟ್‌ಮ್ಯಾನ್ ಬಂದಾಗ ಕಟ್ಟಬೇಕು. ಸುಂಕ ಅಂಚೆಯಲ್ಲೂ ತಪ್ಪುವುದಿಲ್ಲ. ಆದರೆ ಕೊರಿಯರ್ ಕಂಪನಿಯ ಮುಂಗಡದ ಶುಲ್ಕ, ಅದರ ಕನಿಷ್ಠ ಮೊತ್ತ ಇಲ್ಲಿಲ್ಲ. ಟ್ರ್ಯಾಕಿಂಗ್ ಮಾತ್ರ ನಿಧಾನ, ಕೆಲವೊಮ್ಮೆ ದಿನಗಟ್ಟಲೆ ಒಂದೇ ಕಡೆ ನಿಂತಂತೆ ತೋರಿಸುತ್ತದೆ. ಅವಸರ ಇದ್ದರೆ, ವಸ್ತು ದುಬಾರಿಯಾಗಿದ್ದರೆ ಕೊರಿಯರ್. ಇಂಕ್ ಬಾಟಲಿ, ವಯಲಿನ್ ತಂತಿ, ಹಳೆಯ ಕ್ಯಾಮೆರಾದ ಬಿಡಿಭಾಗ ಇಂಥವಕ್ಕೆಲ್ಲ ಅಂಚೆ ಸಾಕು.