ಬಿಡಿಭಾಗ ಬದಲಿಸುವ ಮುನ್ನ: ಭಾರೀ ಯಂತ್ರಗಳ ಫಾಲ್ಟ್ ಕೋಡ್ ಓದುವ ಮತ್ತು ದೋಷ ಹುಡುಕುವ ಕ್ರಮ

ಸಂಡೂರಿನ ಗಣಿಗಳಲ್ಲಿ ಅದಿರು ತುಂಬುವ ಎಕ್ಸ್‌ಕವೇಟರ್ ಆಗಲಿ, ಬೇಸಿಗೆಯಲ್ಲಿ ತುಂಗಭದ್ರಾ ಕಾಲುವೆಗಳ ಹೂಳೆತ್ತುವ ಬ್ಯಾಕ್‌ಹೋ ಲೋಡರ್ ಆಗಲಿ, ಈಗಿನ ಯಂತ್ರಗಳಲ್ಲಿ ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕೆಂಬುದನ್ನು ನಿರ್ಧರಿಸುವುದು ಇಸಿಎಂ, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್. 2021ರ ಏಪ್ರಿಲ್‌ನಿಂದ ನಿರ್ಮಾಣ ಯಂತ್ರಗಳಿಗೆ ನಾಲ್ಕನೇ ಹಂತದ ಹೊಗೆ ನಿಯಮ ಜಾರಿಯಾದ ಮೇಲೆ ಸೆನ್ಸರ್‌ಗಳೂ ವೈರ್‌ಗಳೂ ಇನ್ನಷ್ಟು ಹೆಚ್ಚಿವೆ. ಅದರ ಜೊತೆಗೆ, ಡಿಸ್‌ಪ್ಲೇಯಲ್ಲಿ ದೋಷ ಸೂಚಿಸುವ ಕೋಡ್ (ಫಾಲ್ಟ್ ಕೋಡ್) ಕಂಡ ಕೂಡಲೇ ಆ ಹೆಸರಿನ ಸೆನ್ಸರ್ ತರಿಸಿ ಹಾಕುವ ರೂಢಿಯೂ ಬೆಳೆದಿದೆ. ಈ ರೂಢಿಯನ್ನು ಬಿಡಲೇಬೇಕು. ಯಾವ ಸರ್ಕ್ಯೂಟ್‌ನಲ್ಲಿ ತನಗೆ ಒಪ್ಪದ ವೋಲ್ಟೇಜ್ ಅಥವಾ ಅಳತೆ ಕಂಡಿತು ಎಂಬುದನ್ನಷ್ಟೇ ಇಸಿಎಂ ಕೋಡ್ ಮೂಲಕ ತಿಳಿಸುತ್ತದೆ. ಆ ಸರ್ಕ್ಯೂಟ್‌ನಲ್ಲಿ ಸೆನ್ಸರ್ ಮಾತ್ರವಲ್ಲ, ಕನೆಕ್ಟರ್, ವೈರ್, ಅರ್ತಿಂಗ್, ಕೆಲವೊಮ್ಮೆ ಪಕ್ಕದ ಇನ್ನೊಂದು ಸೆನ್ಸರ್ ಕೂಡ ಸೇರಿರುತ್ತದೆ.

ಬಹುತೇಕ ಡೀಸೆಲ್ ಎಂಜಿನ್‌ಗಳು ಜೆ1939 ಎಂಬ ಮಾನದಂಡದಂತೆ ಕೋಡನ್ನು ಎರಡು ಭಾಗಗಳಲ್ಲಿ ತೋರಿಸುತ್ತವೆ. ಎಸ್‌ಪಿಎನ್ ಎಂಬ ಸಂಖ್ಯೆ ಯಾವ ಅಳತೆಯಲ್ಲಿ ತೊಂದರೆ ಇದೆ ಎಂಬುದನ್ನೂ, ಎಫ್‌ಎಂಐ ಎಂಬ ಸಂಖ್ಯೆ ತೊಂದರೆ ಯಾವ ಬಗೆಯದು ಎಂಬುದನ್ನೂ ಸೂಚಿಸುತ್ತವೆ. ಎಸ್‌ಪಿಎನ್ 100 ಎಂದರೆ ಎಂಜಿನ್ ಆಯಿಲ್ ಪ್ರೆಷರ್, 110 ಎಂದರೆ ಎಂಜಿನ್ ತಂಪಾಗಿಸುವ ದ್ರವದ (ಕೂಲಂಟ್) ಉಷ್ಣತೆ, 168 ಎಂದರೆ ಬ್ಯಾಟರಿ ವೋಲ್ಟೇಜ್. ಹೆಚ್ಚಿನವರು ಮೊದಲ ಸಂಖ್ಯೆಯನ್ನು ಮಾತ್ರ ಬರೆದುಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತಾರೆ, ಆದರೆ ಮುಂದಿನ ಹೆಜ್ಜೆಯನ್ನು ತೀರ್ಮಾನಿಸುವುದು ಎರಡನೆಯದೇ. 100ರ ಜೊತೆ ಎಫ್‌ಎಂಐ 1 ಬಂದರೆ ಸೆನ್ಸರ್ ಕೊಟ್ಟ ಅಳತೆ ನಂಬುವಂತಿದೆ, ಪ್ರೆಷರ್ ನಿಜಕ್ಕೂ ಅಪಾಯದ ಮಟ್ಟಕ್ಕೆ ಇಳಿದಿದೆ ಎಂದರ್ಥ. ಆಗ ಎಂಜಿನ್ ತಕ್ಷಣ ನಿಲ್ಲಿಸಬೇಕು. ಅದೇ 100ರ ಜೊತೆ 3 ಬಂದರೆ ಸಿಗ್ನಲ್ ವೋಲ್ಟೇಜ್ ಮಿತಿಗಿಂತ ಹೆಚ್ಚು, 4 ಬಂದರೆ ಮಿತಿಗಿಂತ ಕಡಿಮೆ, 5 ಬಂದರೆ ಕರೆಂಟ್ ಕಡಿಮೆ, ಅಂದರೆ ಸಾಮಾನ್ಯವಾಗಿ ವೈರ್ ತುಂಡಾಗಿದೆ ಅಥವಾ ಕನೆಕ್ಟರ್ ಬಿಟ್ಟಿದೆ ಎಂದು ತಿಳಿಯಬೇಕು. 6 ಬಂದರೆ ಕರೆಂಟ್ ಹೆಚ್ಚು ಹರಿಯುತ್ತಿದೆ. 3ರಿಂದ 6ರವರೆಗಿನವು ಎಲೆಕ್ಟ್ರಿಷಿಯನ್‌ನ ಕೆಲಸ, 0 (ಅಳತೆ ನಿಜಕ್ಕೂ ಅಪಾಯದ ಮಟ್ಟಕ್ಕೆ ಏರಿದೆ) ಮತ್ತು 1 ಮೊದಲು ಮೆಕ್ಯಾನಿಕ್ ನೋಡಬೇಕಾದವು. ಕೆಲವು ಕಂಪನಿಗಳು ತಮ್ಮದೇ ಕೋಡ್ ಬಳಸುವುದರಿಂದ ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಕೈಯಲ್ಲಿರಲೇಬೇಕು.

ಕೋಡ್ ಈಗ ಸಕ್ರಿಯವಾಗಿದೆಯೋ ಅಥವಾ ಮೆಮೊರಿಯಲ್ಲಿ ಉಳಿದ ಹಳೆಯದೋ ಎಂಬುದನ್ನು ನೋಡಿ, ಎಲ್ಲವನ್ನೂ ಅಳಿಸುವ ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ಆಪರೇಟರ್‌ನನ್ನೂ ವಿಚಾರಿಸಬೇಕು. ಬೂಮ್ (ಬಕೆಟ್ ಹಿಡಿದ ಉದ್ದ ತೋಳು) ಎತ್ತಿದಾಗ ಬಂದಿತೇ, ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಬಂದಿತೇ, ಮಧ್ಯಾಹ್ನದ ಬಿಸಿಲಿನಲ್ಲಿ ಬಂದಿತೇ ಎಂಬ ಅವನ ಮಾತಿನಿಂದ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಕೆಲಸಕ್ಕೆ ಕೈ ಹಾಕುವ ಮುನ್ನ ಬಕೆಟ್ ನೆಲಕ್ಕೆ ಇಳಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಕೀಲಿ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಬ್ಯಾಟರಿ ಕಳಚುವುದಿದ್ದರೆ ಕೀ ಆಫ್ ಮಾಡಿದ ಮೇಲೆ ಮ್ಯಾನ್ಯುಯಲ್ ಹೇಳುವಷ್ಟು ಹೊತ್ತು ಕಾಯಬೇಕು, ಏಕೆಂದರೆ ಇಸಿಎಂಗೆ ತನ್ನ ಮಾಹಿತಿಯನ್ನು ಉಳಿಸಿಕೊಳ್ಳಲು ಸಮಯ ಬೇಕು.

ಮೊದಲ ಅಳತೆ ಯಾವಾಗಲೂ ಬ್ಯಾಟರಿಯದ್ದೇ ಆಗಿರಬೇಕು. 24 ವೋಲ್ಟ್ ಯಂತ್ರದಲ್ಲಿ ಎಂಜಿನ್ ನಿಂತಿರುವಾಗ ಸುಮಾರು 25 ವೋಲ್ಟ್, ಓಡುವಾಗ ಸುಮಾರು 28 ವೋಲ್ಟ್ ಕಾಣಬೇಕು. ಬ್ಯಾಕ್‌ಹೋ ಲೋಡರ್‌ಗಳು ಸಾಮಾನ್ಯವಾಗಿ 12 ವೋಲ್ಟ್‌ನವಾದ್ದರಿಂದ ಅಲ್ಲಿ ಇದರ ಅರ್ಧ. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ತೀರಾ ಕುಸಿದರೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕೋಡ್‌ಗಳು ಒಟ್ಟಿಗೆ ಬೀಳುತ್ತವೆ. ಅರ್ತಿಂಗ್ ಪರೀಕ್ಷೆಯನ್ನು ಲೋಡ್ ಇರುವಾಗಲೇ ಮಾಡಬೇಕು. ಎಂಜಿನ್ ಓಡುತ್ತಾ ಲೈಟು, ಎಸಿ ಎಲ್ಲವೂ ಚಾಲೂ ಇದ್ದಾಗ ಬ್ಯಾಟರಿ ನೆಗೆಟಿವ್‌ನಿಂದ ಇಸಿಎಂನ ಗ್ರೌಂಡ್ ಪಿನ್‌ವರೆಗೆ ಮೀಟರ್ ಇಟ್ಟರೆ 0.1 ಅಥವಾ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಬಾರದು. ವೈರ್ ತುಂಡಾಗಿಲ್ಲ ಎಂದು ಮೀಟರ್ ಕೊಡುವ ಕಂಟಿನ್ಯುಟಿ ಬೀಪನ್ನಷ್ಟೇ ನಂಬಿ ಅರ್ತಿಂಗ್ ಸರಿಯಿದೆ ಎನ್ನುವುದು ತಪ್ಪು. ಒಂದೇ ಎಳೆ ಉಳಿದಿರುವ ಕೇಬಲ್ ಕೂಡ ಬೀಪ್ ಕೊಡುತ್ತದೆ.

ನಂತರದ ಸರದಿ ಕನೆಕ್ಟರ್‌ಗಳದ್ದು, ನಮ್ಮ ಭಾಗದಲ್ಲಿ ಹೆಚ್ಚು ಗಮನ ಬೇಡುವುದೂ ಇದೇ. ಅದಿರಿನ ಕೆಂಪು ದೂಳು ಸೀಲ್ ಹರಿದ ಕನೆಕ್ಟರ್‌ನೊಳಗೆ ಕೂತು, ಯಂತ್ರ ತೊಳೆದ ನೀರನ್ನು ಹೀರಿಕೊಂಡರೆ ಪಿನ್‌ಗಳ ಮೇಲೆ ಹಸಿರು ಕಿಲುಬು ಹಿಡಿಯುತ್ತದೆ. ಸಿಂಧನೂರು, ಗಂಗಾವತಿ ಕಡೆ ಗದ್ದೆ ಪಕ್ಕದಲ್ಲಿ ನಿಲ್ಲಿಸಿದ ಯಂತ್ರಗಳಲ್ಲಿ ಇಲಿ ಕಡಿದ ವೈರ್ ಇದೆಯೇ ಎಂದು ಸೀಟಿನ ಕೆಳಗೂ ನೋಡಬೇಕು. ಪರೀಕ್ಷಿಸುವಾಗ ಮೀಟರ್‌ನ ದಪ್ಪ ಮೊನೆಯನ್ನು ಹೆಣ್ಣು ಪಿನ್‌ನೊಳಗೆ ಒತ್ತಬಾರದು, ಒತ್ತಿದರೆ ಅದು ಅಗಲವಾಗಿ ಮುಂದೆ ಹೊಸದೊಂದು ದೋಷ ಹುಟ್ಟುತ್ತದೆ. ವೈರ್‌ನ ಮೇಲ್ಪದರವನ್ನು ಚುಚ್ಚುವುದೂ ಬೇಡ.

ಈಗ ಸೆನ್ಸರ್. ಕೂಲಂಟ್ ಉಷ್ಣತೆಯ ಎರಡು ವೈರ್‌ಗಳ ಸೆನ್ಸರ್‌ಗೆ 110-3 (ಎಸ್‌ಪಿಎನ್ 110, ಎಫ್‌ಎಂಐ 3) ಎಂಬ ಕೋಡ್ ಬಂದಿದೆ ಎಂದುಕೊಳ್ಳೋಣ. ಸೆನ್ಸರ್‌ನ ಕನೆಕ್ಟರ್ ಬಿಚ್ಚಿ, ಹಾರ್ನೆಸ್ (ವೈರ್‌ಗಳ ಕಟ್ಟು) ಕಡೆಯ ಎರಡು ಪಿನ್‌ಗಳನ್ನು ತೆಳುವಾದ ಜಂಪರ್ ವೈರ್‌ನಿಂದ ಜೋಡಿಸಿ ಕೀ ಆನ್ ಮಾಡಬೇಕು. ಕೋಡ್ 110-4ಕ್ಕೆ ತಿರುಗಿದರೆ ವೈರೂ ಇಸಿಎಂ ಕೂಡ ಸರಿಯಿವೆ, ಸೆನ್ಸರ್ ಕೆಟ್ಟಿದೆ. 3 ಹಾಗೆಯೇ ಉಳಿದರೆ ಹೊಸ ಸೆನ್ಸರ್ ಹಾಕಿದರೂ ಪ್ರಯೋಜನವಿಲ್ಲ, ದೋಷ ಹಾರ್ನೆಸ್‌ನಲ್ಲಿಯೋ ಇಸಿಎಂನಲ್ಲಿಯೋ ಇದೆ. ಮೂರು ವೈರ್‌ಗಳ ಪ್ರೆಷರ್ ಸೆನ್ಸರ್‌ಗೆ ಈ ಜಂಪರ್ ವಿಧಾನವನ್ನು ಬಳಸಬಾರದು. ಅಲ್ಲಿ 5 ವೋಲ್ಟ್ ಸಪ್ಲೈ, ಗ್ರೌಂಡ್, ಸಿಗ್ನಲ್ ಮೂರನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಹಲವು ಸೆನ್ಸರ್‌ಗಳ ಕೋಡ್ ಏಕಕಾಲಕ್ಕೆ ಬಂದರೆ ಆ 5 ವೋಲ್ಟ್ ಸಪ್ಲೈಯನ್ನೇ ಮೊದಲು ಸಂಶಯಿಸಬೇಕು, ಏಕೆಂದರೆ ಒಂದೇ ಸಪ್ಲೈಯನ್ನು ಹಲವು ಸೆನ್ಸರ್‌ಗಳು ಹಂಚಿಕೊಂಡಿರುತ್ತವೆ. ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೆ ಉಳಿದವೂ ಕೆಟ್ಟಂತೆ ಕಾಣುತ್ತವೆ. ಮೀಟರನ್ನು ಸಪ್ಲೈ ಪಿನ್‌ಗೆ ಹಚ್ಚಿಟ್ಟು ಸೆನ್ಸರ್‌ಗಳನ್ನು ಒಂದೊಂದಾಗಿ ಕಳಚುತ್ತಾ ಹೋದರೆ, ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೆಯೋ ಅದೇ ದೋಷಿ. ಎಲ್ಲವನ್ನೂ ಬಿಚ್ಚಿದರೂ ಮರಳದಿದ್ದರೆ ವೈರ್ ಎಲ್ಲಿಯೋ ಯಂತ್ರದ ಲೋಹದ ಚೌಕಟ್ಟಿಗೆ ಉಜ್ಜಿದೆ ಎಂದು ಹಾರ್ನೆಸ್ ಹಿಡಿದು ಹುಡುಕಬೇಕು.

ಇಸಿಎಂಗಳ ನಡುವಿನ ಸಂಪರ್ಕ ಕಡಿದುಹೋಗಿದೆ ಎಂಬ ಕೋಡ್‌ಗಳಿಗೆ ಅವು ಪರಸ್ಪರ ಮಾಹಿತಿ ಹಂಚಿಕೊಳ್ಳುವ ಎರಡು ವೈರ್‌ಗಳ, ಅಂದರೆ ಕ್ಯಾನ್ ಲೈನ್‌ನ, ಪರೀಕ್ಷೆ ಬೇಕು. ಬ್ಯಾಟರಿ ಸಂಪರ್ಕ ತಪ್ಪಿಸಿ, ಒಂಬತ್ತು ಪಿನ್‌ನ ಡಯಾಗ್ನೋಸ್ಟಿಕ್ ಸಾಕೆಟ್‌ನ ಸಿ ಮತ್ತು ಡಿ ಪಿನ್‌ಗಳ ನಡುವೆ ಅಳೆದರೆ 60 ಓಮ್ ಬರಬೇಕು, ಏಕೆಂದರೆ ಲೈನ್‌ನ ಎರಡೂ ತುದಿಗಳಲ್ಲಿ 120 ಓಮ್‌ನ ರೆಸಿಸ್ಟರ್‌ಗಳಿವೆ. 120 ಬಂದರೆ ಒಂದು ತುದಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ವೈರ್‌ಗಳು ಒಂದಕ್ಕೊಂದು ತಗುಲಿವೆ.

ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಕಾಣಿಸಿಕೊಂಡು ಬೆಳಿಗ್ಗೆ ಮಾಯವಾಗುವ ಕೋಡನ್ನು ಬೆಳಿಗ್ಗೆಯ ತಂಪಿನಲ್ಲಿ ಹುಡುಕಿ ಫಲವಿಲ್ಲ. ಯಂತ್ರ ಕಾದಿರುವಾಗಲೇ ಮೀಟರ್ ಹಚ್ಚಿ, ಫ್ಯಾನ್ ಮತ್ತು ಬೆಲ್ಟ್‌ಗಳಿಂದ ಕೈ ದೂರವಿಟ್ಟು, ಹಾರ್ನೆಸನ್ನು ಗೇಣುಗೇಣಾಗಿ ಅಲುಗಾಡಿಸುತ್ತಾ ರೀಡಿಂಗ್ ಯಾವಾಗ ಜಿಗಿಯುತ್ತದೆ ಎಂದು ಗಮನಿಸಬೇಕು. ಬೂಮ್‌ನ ಬುಡ, ಕ್ಯಾಬ್‌ನ ಕೆಳಭಾಗ, ಕ್ಲಾಂಪ್ ಕಳಚಿದ ಜಾಗಗಳೇ ಹೆಚ್ಚಾಗಿ ಸಿಕ್ಕಿಬೀಳುತ್ತವೆ.

ಬಕೆಟ್ ವೆಲ್ಡಿಂಗ್ ಮಾಡಿದ ಮರುದಿನ ಕೋಡ್‌ಗಳು ಬಂದಿದ್ದರೆ ವೆಲ್ಡಿಂಗ್ ಹೇಗೆ ಮಾಡಿದರೆಂದು ವಿಚಾರಿಸಿ. ಬ್ಯಾಟರಿ ಮತ್ತು ಇಸಿಎಂ ಕನೆಕ್ಟರ್‌ಗಳನ್ನು ಕಳಚಿ, ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗದ ಹತ್ತಿರವೇ ಹಚ್ಚದಿದ್ದರೆ ವೆಲ್ಡಿಂಗ್ ಕರೆಂಟ್ ಬೇರಿಂಗ್‌ಗಳ ಮೂಲಕವೂ ಇಸಿಎಂ ಮೂಲಕವೂ ದಾರಿ ಮಾಡಿಕೊಳ್ಳಬಹುದು. ಇಸಿಎಂ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರುವ ಮುನ್ನ ಅದರ ಸಪ್ಲೈ, ಗ್ರೌಂಡ್, ಫ್ಯೂಸ್ ಮೂರನ್ನೂ ಇನ್ನೊಮ್ಮೆ ಅಳೆಯಬೇಕು.

ರಿಪೇರಿ ಮುಗಿದ ಮೇಲೆ ಕೋಡ್ ಅಳಿಸಿ, ಮೊದಲು ಅದು ಯಾವ ಕೆಲಸದಲ್ಲಿ, ಎಷ್ಟು ಬಿಸಿಯಲ್ಲಿ ಬಂದಿತ್ತೋ ಅದೇ ಸ್ಥಿತಿಯಲ್ಲಿ ಯಂತ್ರ ಓಡಿಸಿ ಮತ್ತೆ ಪರೀಕ್ಷಿಸಬೇಕು. ಕೋಡ್, ಅಳೆದ ವೋಲ್ಟೇಜ್, ದೋಷ ಸಿಕ್ಕ ಜಾಗ ಇವನ್ನು ಯಂತ್ರದ ಲಾಗ್ ಬುಕ್‌ನಲ್ಲಿ ಯಂತ್ರ ಓಡಿದ ಗಂಟೆ ತೋರಿಸುವ ಅವರ್ ಮೀಟರ್‌ನ ರೀಡಿಂಗ್ ಸಮೇತ ಬರೆದರೆ, ಮುಂದಿನ ಪಾಳಿಯವರು ಅದೇ ವೈರನ್ನು ಮೊದಲಿನಿಂದ ಹುಡುಕಬೇಕಾಗುವುದಿಲ್ಲ.