ಬೇಸ್ ಗಿಟಾರಿಗೆ ನೈಲಾನ್ ತಂತಿ ಹಾಕಿದ ಮೇಲೆ

ತುಮಕೂರಿನಲ್ಲಿ ನಾನು ಎರಡು ಥರದ ಕಾರ್ಯಕ್ರಮಕ್ಕೆ ಬೇಸ್ ಗಿಟಾರ್ ನುಡಿಸುತ್ತೇನೆ. ಒಂದು ರಸಮಂಜರಿ: ಗಣೇಶನ ಪೆಂಡಾಲು, ಊರ ಜಾತ್ರೆ, ರಾಜ್ಯೋತ್ಸವ. ಇನ್ನೊಂದು ಸುಗಮ ಸಂಗೀತ: ಹಾರ್ಮೋನಿಯಂ ಅಥವಾ ಕೀಬೋರ್ಡ್, ತಬಲಾ, ಕೊಳಲು, ಒಂದಿಬ್ಬರು ಗಾಯಕರು. ನೈಲಾನ್ ಟೇಪ್‌ವೌಂಡ್ ತಂತಿ ಹಾಕಬೇಕು ಅಂತ ಅನ್ನಿಸಿದ್ದು ಈ ಎರಡನೆಯದಕ್ಕೋಸ್ಕರ.

ರಸಮಂಜರಿಗೆ ಮಾಮೂಲಿ, ಅಂದರೆ ದುಂಡನೆಯ ಲೋಹದ ಎಳೆ ಸುತ್ತಿದ ರೌಂಡ್‌ವೌಂಡ್ ತಂತಿ ಚೆನ್ನಾಗೇ ನಡೆಯುತ್ತದೆ. ಡ್ರಮ್ಸು, ರಿದಂ ಪ್ಯಾಡು, ಜನರ ಶಿಳ್ಳೆ, ಇವುಗಳ ಮಧ್ಯೆ ಬೇಸ್ ಕೇಳಬೇಕು ಅಂದರೆ ಆ ಸ್ಟೀಲಿನ ಖಣಖಣ ಬೇಕು. ಭಾವಗೀತೆಯಲ್ಲಿ ಅದೇ ಖಣಖಣ ಕಿರಿಕಿರಿ. ಗಾಯಕಿ ಮೆಲ್ಲಗೆ ಒಂದು ಸಾಲು ಎತ್ತಿಕೊಂಡಿರುತ್ತಾರೆ, ನಾನು ಇತ್ತ ಬೆರಳು ಜಾರಿಸಿದರೆ ತಂತಿ 'ಕಿರ್ರ್' ಅನ್ನುತ್ತದೆ. ನಮ್ಮ ತಬಲಾದವರು ಒಂದು ದಿನ ಹೇಳಿಯೇಬಿಟ್ಟರು: "ನಿನ್ ಬೇಸು ನನ್ ಡಗ್ಗಾ ಮೇಲೆ ಬಂದು ಕೂತ್ಕೊಳ್ತಾ ಇದೆ ಕಣಪ್ಪಾ. ಸ್ವಲ್ಪ ಜಾಗ ಬಿಡು." ಅವರು ಹೇಳಿದ್ದರಲ್ಲಿ ನಿಜ ಇತ್ತು. ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯ) ಗುಮಕಿ ಇರುವುದೂ ಕೆಳಗಿನ ಸ್ಥಾಯಿಯಲ್ಲೇ. ಬೇಸ್ ಅಲ್ಲೇ ಉದ್ದಕ್ಕೆ ರೀಂಗುಡುತ್ತಾ ನಿಂತರೆ ಎರಡೂ ಕಲಸಿಹೋಗುತ್ತವೆ.

ಈ ತಂತಿಯ ಒಳಗೆ ಏನಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಹೆಸರು ಕೇಳಿ ಎಷ್ಟೋ ಜನ ಇದು ಕ್ಲಾಸಿಕಲ್ ಗಿಟಾರಿನ ಪ್ಲಾಸ್ಟಿಕ್ ತಂತಿ ಥರ ಅಂದುಕೊಳ್ಳುತ್ತಾರೆ. ಹಾಗಲ್ಲ. ನಡುವೆ ಸ್ಟೀಲ್ ಎಳೆ ಇದೆ, ಅದರ ಮೇಲೆ ಲೋಹದ ಸುತ್ತು ಇದೆ. ಎಲ್ಲಕ್ಕಿಂತ ಹೊರಗೆ ಚಪ್ಪಟೆ ನೈಲಾನ್ ಪಟ್ಟಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಸಾಮಾನ್ಯವಾಗಿ ಕಪ್ಪು ಬಣ್ಣ, ಬಿಳಿಯೂ ಉಂಟು. ತಂತಿಯ ಅಲುಗಾಟವನ್ನು ಹಿಡಿದು ಆಂಪಿಗೆ ಕಳಿಸುವ ಪಿಕಪ್ಪಿನ ಅಯಸ್ಕಾಂತಕ್ಕೆ ಕಾಣುವುದು ಒಳಗಿನ ಲೋಹ ಮಾತ್ರ. ಹಾಗಾಗಿ ಎಲೆಕ್ಟ್ರಿಕ್ ಬೇಸಿನಲ್ಲಿ ಇದು ಆರಾಮಾಗಿ ಕೆಲಸ ಮಾಡುತ್ತದೆ. ನೈಲಾನ್ ಇರುವುದು ನಮ್ಮ ಬೆರಳಿಗೆ ಮತ್ತು ಫ್ರೆಟ್ಟಿಗೆ, ಅಂದರೆ ನೆಕ್ ಮೇಲಿನ ಅಡ್ಡ ಲೋಹದ ಗೆರೆಗಳಿಗೆ.

ಅಂದಹಾಗೆ, ಖಣಖಣ ಅನ್ನುವ ಬೇಸ್ ಮೊದಲಿನಿಂದಲೂ ಇದ್ದದ್ದಲ್ಲ. ಫೆಂಡರ್ ಪ್ರಿಸಿಷನ್ ಬೇಸ್ ಬಂದದ್ದು 1951ರಲ್ಲಿ. ಆಗ ಹಾಕುತ್ತಿದ್ದದ್ದು ಚಪ್ಪಟೆ ಲೋಹದ ಪಟ್ಟಿ ಸುತ್ತಿದ, ನುಣುಪಾದ ಫ್ಲಾಟ್‌ವೌಂಡ್ ತಂತಿ. ರೌಂಡ್‌ವೌಂಡ್ ಹೆಸರು ಮಾಡಿದ್ದು 1960ರ ದಶಕದಲ್ಲಿ, ಇಂಗ್ಲೆಂಡಿನ ರೋಟೋಸೌಂಡ್ ಕಂಪನಿ 'ದಿ ಹೂ' ಬ್ಯಾಂಡಿನ ಬೇಸ್ ವಾದಕ ಜಾನ್ ಎಂಟ್‌ವಿಸಲ್ ಜೊತೆ ಸೇರಿ ತಯಾರಿಸಿದ ಮೇಲೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಮಾತ್ರ ಹಳೇ ಫ್ಲಾಟ್‌ವೌಂಡ್ ಬಿಡಲೇ ಇಲ್ಲ.

ಹಾಗಾದರೆ ನಾನೂ ಫ್ಲಾಟ್‌ವೌಂಡ್ ಹಾಕಬಹುದಿತ್ತಲ್ವಾ? ಹಾಕಿ ನೋಡಿದ್ದೆ. ಸದ್ದು ಚೆನ್ನಾಗಿತ್ತು, ಆದರೆ ತಂತಿ ಬಲು ಬಿಗಿ. ಎರಡೂವರೆ ಗಂಟೆ ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಎಡಗೈ ಮಣಿಕಟ್ಟು ಬಿದ್ದುಹೋಗುತ್ತಿತ್ತು. ನೈಲಾನ್ ಅಷ್ಟು ಬಿಗಿ ಇಲ್ಲ. ಕಾರಣ ಸರಳ. ನೈಲಾನ್ ಸುತ್ತಿದರೆ ತಂತಿ ದಪ್ಪ ಆಗುತ್ತದೆ, ತೂಕ ಹೆಚ್ಚೇನೂ ಏರುವುದಿಲ್ಲ. ಅಷ್ಟೇ ಉದ್ದದಲ್ಲಿ ಅದೇ ಸ್ವರ ಬರಬೇಕಾದರೆ ಹಗುರ ತಂತಿಗೆ ಕಡಿಮೆ ಬಿಗಿ ಸಾಕು.

ಕೊಳ್ಳುವಾಗ ದಪ್ಪ ನೋಡಿಕೊಳ್ಳಿ. ಬೇಸ್ ತಂತಿಯ ದಪ್ಪವನ್ನು ಇಂಚಿನ ಸಾವಿರದ ಭಾಗದಲ್ಲಿ ಹೇಳುತ್ತಾರೆ. ಮಾಮೂಲಿ ಸೆಟ್ಟು 45ರಿಂದ 105. ಡ್ಯಾಡಾರಿಯೋ ನೈಲಾನ್ ಸೆಟ್ಟು 50, 65, 85, 105. ರೋಟೋಸೌಂಡ್ ಟ್ರೂ ಬೇಸ್ 88 ಅನ್ನುವುದು 65, 75, 100, 115. ಅದರ ಇ ತಂತಿ, ಅಂದರೆ ಎಲ್ಲಕ್ಕಿಂತ ದಪ್ಪದ್ದು, ಹೆಚ್ಚುಕಡಿಮೆ ಮೂರು ಮಿಲಿಮೀಟರ್ ದಪ್ಪ! ಅದನ್ನು ಹಾಕಬೇಕಾದರೆ ನಟ್‌ನ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಅಡ್ಡಪಟ್ಟಿ) ಗಾಡಿಗಳನ್ನು, ಅಂದರೆ ತಂತಿ ಕೂರುವ ಸೀಳುಗಳನ್ನು, ಅಗಲ ಮಾಡಲೇಬೇಕು. ನಾನು 50ರ ಸೆಟ್ಟೇ ತೆಗೆದುಕೊಂಡೆ. ತುಮಕೂರಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ. ಬೆಲೆ ಮಾಮೂಲಿ ತಂತಿಯ ಹತ್ತಿರಹತ್ತಿರ ಎರಡರಷ್ಟು. ಸ್ಕೇಲ್ ಉದ್ದವನ್ನೂ ನೋಡಬೇಕು, ಅಂದರೆ ನಟ್‌ನಿಂದ ಬಾಡಿಯ ಮೇಲೆ ತಂತಿ ಸಿಕ್ಕಿಸುವ ಬ್ರಿಡ್ಜಿನವರೆಗಿನ ಉದ್ದ. ನಮ್ಮಲ್ಲಿ ಜಾಸ್ತಿ ಇರುವುದು 34 ಇಂಚಿನ ಬೇಸು, ಅದಕ್ಕೆ ಲಾಂಗ್ ಸ್ಕೇಲ್ ಅಂತ ಬರೆದಿರುವ ಸೆಟ್ಟೇ ಬೇಕು. ತಂತಿಯ ತುದಿಯಲ್ಲಿ ಸಣ್ಣ ಆಗಿ ದಾರ ಸುತ್ತಿರುವ ಭಾಗ ಇರುತ್ತದಲ್ಲ, ಅದು ನಟ್ ದಾಟಿದ ಮೇಲೆ ಶುರುವಾಗಬೇಕು. ನೈಲಾನ್ ಇರುವ ದಪ್ಪ ಭಾಗವೇ ಟ್ಯೂನಿಂಗ್ ಕೀಗೆ ಸುತ್ತಿಕೊಂಡರೆ ಪಟ್ಟಿ ಬಾಯಿ ಬಿಡುತ್ತದೆ.

ಹಾಕುವಾಗ ಕಟಿಂಗ್ ಪ್ಲೇಯರ್ ಹಿಡಿದು ಆತುರಪಡಬೇಡಿ. ಎಲ್ಲಿ ಕತ್ತರಿಸಬೇಕೋ ಅಲ್ಲಿ ಮೊದಲು ತಂತಿಯನ್ನು ಚೂಪಾಗಿ, ಎಲ್ ಆಕಾರಕ್ಕೆ ಮಡಿಸಬೇಕು. ಆಮೇಲೆ ಮಡಿಕೆಯಿಂದ ಆಚೆಗೆ ಕತ್ತರಿಸಬೇಕು. ಮಡಿಸದೆ ಕತ್ತರಿಸಿದರೆ ಒಳಗಿನ ಎಳೆಯ ಮೇಲೆ ಸುತ್ತು ಜಾರುತ್ತದೆ. ಆ ತಂತಿ ಆಮೇಲೆ ಶ್ರುತಿಗೂ ನಿಲ್ಲುವುದಿಲ್ಲ, ಸದ್ದೂ ಸತ್ತಿರುತ್ತದೆ.

ನಟ್‌ನಲ್ಲಿ ನನಗೆ ಎಲ್ಲಕ್ಕಿಂತ ಸಣ್ಣದಾದ ಜಿ ತಂತಿಯ ಗಾಡಿ ಮಾತ್ರ ಬಿಗಿ ಆಯಿತು. ಗೊತ್ತಾಗುವುದು ಹೇಗೆ ಅಂದರೆ, ಕೀ ತಿರುಗಿಸಿದಾಗ ಶ್ರುತಿ ಸಲೀಸಾಗಿ ಏರುವುದಿಲ್ಲ. ಸುಮ್ನೆ ನಿಂತಿರುತ್ತದೆ, ಆಮೇಲೆ 'ಟಿಕ್' ಅಂತ ಒಮ್ಮೆಲೇ ಹಾರುತ್ತದೆ. ಹಳೇ ತಂತಿಯ ತುಂಡಿಗೆ ನುಣುಪಾದ ಉಪ್ಪುಕಾಗದ ಸುತ್ತಿ, ಗಾಡಿಯ ಎರಡೂ ಪಕ್ಕ ಸ್ವಲ್ಪ ಸ್ವಲ್ಪ ಉಜ್ಜಿದೆ. ತಳ ಮುಟ್ಟಲಿಲ್ಲ. ತಳ ಸವೆದರೆ ತಂತಿ ಮೊದಲನೇ ಫ್ರೆಟ್ಟಿಗೆ ತಾಗುತ್ತದೆ, ಆಗ ಹೊಸ ನಟ್ಟೇ ಗತಿ. ಕೊನೆಗೆ ಪೆನ್ಸಿಲ್ ಸೀಸದ ಪುಡಿ ಉದುರಿಸಿದೆ. 'ಟಿಕ್' ನಿಂತಿತು.

ನೆಕ್ಕಿನ ವಿಷಯ ಸ್ವಲ್ಪ ತಾಳ್ಮೆ ಬೇಡುತ್ತದೆ. ಬಿಗಿ ಕಡಿಮೆ ಆಗಿರುವುದರಿಂದ ನೆಕ್ ಹಿಂದಕ್ಕೆ ನೆಟ್ಟಗಾಗುತ್ತದೆ. ಮೊದಲ ನಾಲ್ಕೈದು ಫ್ರೆಟ್ಟಿನಲ್ಲಿ ತಂತಿ ಬಡಿದುಕೊಳ್ಳಲು ಶುರು. ಇ ತಂತಿಯನ್ನು ಮೊದಲನೇ ಫ್ರೆಟ್ಟಿನಲ್ಲೂ, ನೆಕ್ ಬಾಡಿಗೆ ಸೇರುವ ಜಾಗದಲ್ಲೂ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್ಟಿನ ಮೇಲೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಕಾಣಬೇಕು. ನನ್ನದರಲ್ಲಿ ಸಂದೇ ಇರಲಿಲ್ಲ. ನೆಕ್ಕಿನ ಒಳಗಿರುವ ಲೋಹದ ಕಂಬಿ, ಟ್ರಸ್ ರಾಡನ್ನು ಅಲೆನ್ ಕೀಯಿಂದ ಎಡಕ್ಕೆ ಕಾಲು ಸುತ್ತು ಸಡಿಲ ಮಾಡಿ, ರಾತ್ರಿ ಹಾಗೇ ಬಿಟ್ಟು, ಬೆಳಗ್ಗೆ ನೋಡಿದೆ. ಒಂದೇ ಸಲ ಅರ್ಧ, ಮುಕ್ಕಾಲು ಸುತ್ತು ತಿರುಗಿಸುವ ಧೈರ್ಯ ಯಾರೂ ಮಾಡಬೇಡಿ. ಮರ ನಿಧಾನಕ್ಕೆ ಬಾಗುತ್ತದೆ.

ಸಡಿಲ ತಂತಿ ಜಾಸ್ತಿ ಅಗಲಕ್ಕೆ ಓಲಾಡುತ್ತದೆ, ಅದಕ್ಕೂ ಜಾಗ ಬೇಕು. ಹನ್ನೆರಡನೇ ಫ್ರೆಟ್ಟಿನ ಮೇಲೆ ಇ ತಂತಿಯನ್ನು ಎರಡೂವರೆ ಮಿಲಿಮೀಟರಿಗಿಂತ ಒಂದು ಕೂದಲೆಳೆ ಮೇಲೆ ಇಟ್ಟಿದ್ದೇನೆ. ಪಿಕಪ್ಪನ್ನೂ ಸ್ವಲ್ಪ ಎತ್ತಿದೆ, ಯಾಕೆಂದರೆ ಸದ್ದು ಮೊದಲಿಗಿಂತ ಕೆಳಗೆ ಬಂದಿತ್ತು. ಆಮೇಲೆ ಹನ್ನೆರಡನೇ ಫ್ರೆಟ್ಟಿನಲ್ಲಿ ಹಾರ್ಮೋನಿಕ್ ಸ್ವರ (ತಂತಿಯನ್ನು ಒತ್ತದೆ ಬರೀ ಸೋಕಿಸಿ ಮೀಟಿದ್ದು), ಒತ್ತಿ ನುಡಿಸಿದ ಸ್ವರ ಎರಡನ್ನೂ ಟ್ಯೂನರಿನಲ್ಲಿ ಹೋಲಿಸಿದೆ. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜಿನಲ್ಲಿ ತಂತಿ ಕೂರುವ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಇಷ್ಟೆಲ್ಲ ಮುಗಿಸಿ ಆಂಪಿಗೆ ಹಾಕಿದರೆ 'ಗುಂಯ್' ಅಂತ ಒಂದು ಸದ್ದು. ಕೈ ತಂತಿ ಮೇಲಿದ್ದರೂ ನಿಲ್ಲಲಿಲ್ಲ. ಈ ತಂತಿ ಮಾರುವವರು ಯಾರೂ ಹೇಳದ ವಿಷಯ ಇದು.

ಬೇಸಿನಲ್ಲಿ ಬ್ರಿಡ್ಜಿಗೆ ಒಂದು ಅರ್ಥ್ ವೈರ್ ಹೋಗಿರುತ್ತದೆ. ಸ್ಟೀಲ್ ತಂತಿ ಮುಟ್ಟಿದ ಕೂಡಲೇ ನಮ್ಮ ಮೈ ಅರ್ಥ್‌ಗೆ ಸೇರುತ್ತದೆ, ಗುಂಯ್ ಕಡಿಮೆ ಆಗುತ್ತದೆ. ತಂತಿಯಿಂದ ಕೈ ತೆಗೆದರೆ ಸದ್ದು ಜಾಸ್ತಿ ಆಗುವುದನ್ನು ಎಲ್ಲ ಗಿಟಾರಿನವರೂ ಕೇಳಿರುತ್ತಾರೆ. ನೈಲಾನ್ ತಂತಿಯಲ್ಲಿ ಒಳಗಿನ ಲೋಹ ಬ್ರಿಡ್ಜಿಗೆ ತಾಗಿದ್ದರೂ ನಮ್ಮ ಬೆರಳಿಗೂ ಲೋಹಕ್ಕೂ ಮಧ್ಯೆ ನೈಲಾನ್ ಇದೆ. ಮುಟ್ಟಿದರೂ ಮುಟ್ಟದಂತೆಯೇ ಲೆಕ್ಕ.

ಮನೆಯಲ್ಲಿ ಇದು ಸಣ್ಣ ವಿಷಯ. ಪೆಂಡಾಲಿನಲ್ಲಿ ದೊಡ್ಡದು. ತುಮಕೂರು ಪಕ್ಕದ ಗೂಳೂರಿನ ಗಣೇಶನಿಗೆ ಬಲಿಪಾಡ್ಯಮಿಯಿಂದ ತಿಂಗಳಿಡೀ ಪೂಜೆ ನಡೆಯುತ್ತದಲ್ಲ, ಆ ಕಾರ್ತಿಕದ ಸೀಸನ್ನಿನಲ್ಲಿ ಸುತ್ತಮುತ್ತ ಎಲ್ಲಿ ನೋಡಿದರೂ ಕಾರ್ಯಕ್ರಮ. ಸೀರಿಯಲ್ ಲೈಟು, ಡಿಮ್ಮರು, ಜನರೇಟರು, ಎಲ್ಲ ಒಂದೇ ವೇದಿಕೆಯ ಹಿಂದೆ. ಅರ್ಥಿಂಗ್ ದೇವರಿಗೇ ಪ್ರೀತಿ. ಸಿಂಗಲ್ ಕಾಯಿಲ್ ಪಿಕಪ್ ಇದ್ದರೆ ಅಷ್ಟನ್ನೂ ಹೀರಿಕೊಳ್ಳುತ್ತದೆ.

ನನಗೆ ಉಪಯೋಗಕ್ಕೆ ಬಂದದ್ದು ಹೇಳುತ್ತೇನೆ. ನನ್ನದು ಜಾಝ್ ಬೇಸ್ ಮಾದರಿ, ಎರಡು ಪಿಕಪ್. ಈಗಿನ ಜಾಝ್ ಬೇಸುಗಳಲ್ಲಿ ಒಂದು ಪಿಕಪ್ಪನ್ನು ಇನ್ನೊಂದಕ್ಕೆ ಉಲ್ಟಾ ಸುತ್ತಿರುತ್ತಾರೆ. ಎರಡೂ ವಾಲ್ಯೂಮ್ ಪೂರ್ತಿ ತೆರೆದರೆ ಗುಂಯ್ ಒಂದಕ್ಕೊಂದು ಹೊಡೆದುಹೋಗುತ್ತದೆ. ಒಂದನ್ನು ತಗ್ಗಿಸಿದ ತಕ್ಷಣ ವಾಪಸ್ ಬರುತ್ತದೆ. ಪ್ರಿಸಿಷನ್ ಬೇಸಿನ ಇಬ್ಭಾಗದ ಪಿಕಪ್ಪಿಗೆ ಈ ತೊಂದರೆ ಮೊದಲೇ ಕಡಿಮೆ. ಇದರ ಮೇಲೆ ಪಿಕ್‌ಗಾರ್ಡ್ ಬಿಚ್ಚಿ, ಒಳಗಿನ ಗುಳಿಗಳಿಗೆಲ್ಲ ತಾಮ್ರದ ಟೇಪ್ ಅಂಟಿಸಿದೆ. ಅಂಟಿಸಿದರೆ ಸಾಲದು, ಆ ಟೇಪನ್ನು ಅರ್ಥ್ ವೈರಿಗೆ ಬೆಸುಗೆ ಹಾಕಬೇಕು. ತುಂಡು ತುಂಡಿನ ನಡುವೆ ಕರೆಂಟ್ ಹರಿಯುತ್ತದೋ ಇಲ್ಲವೋ ಅಂತ ಮಲ್ಟಿಮೀಟರಿನಲ್ಲಿ ನೋಡಬೇಕು. ಈಗ ಗುಂಯ್ ಇದೆ, ಹಾಡಿನ ಮಧ್ಯೆ ಯಾರಿಗೂ ಕೇಳುವುದಿಲ್ಲ. ಹಾಡಿಲ್ಲದ ಹೊತ್ತಿನಲ್ಲಿ ಅಂಗೈಯನ್ನು ಬ್ರಿಡ್ಜ್ ಮೇಲೆ ಇಟ್ಟಿರುತ್ತೇನೆ, ಅಷ್ಟೇ.

ಗುಂಯ್ ನಿಲ್ಲಿಸಲು ಆಂಪಿನ ಪ್ಲಗ್‌ನಿಂದ ಮೂರನೇ ಪಿನ್ ಕಿತ್ತುಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಮೈಕಿಗೆ ತುಟಿ ತಾಗಿದಾಗ ಜುಮ್ಮೆಂದದ್ದು ನಮ್ಮಲ್ಲಿ ಎಷ್ಟು ಜನಕ್ಕಿಲ್ಲ! ನೈಲಾನ್ ಇದೆ, ಶಾಕ್ ಹೊಡೆಯಲ್ಲ ಅಂತಲೂ ನಂಬಬೇಡಿ. ಬ್ರಿಡ್ಜು, ನಾಬು, ಜಾಕು ಎಲ್ಲ ಲೋಹವೇ.

ಇನ್ನು ಸದ್ದು. ತಟ್ಟಿದ ಕೂಡಲೇ 'ಧಂ' ಅಂತ ದುಂಡಗೆ ಬರುತ್ತದೆ. ಮೇಲಿನ ಖಣಖಣ ಇರುವುದಿಲ್ಲ. ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಡಬಲ್ ಬೇಸಿನ ನೆನಪು ಬರುತ್ತದೆ, ಅದರಲ್ಲೂ ನೆಕ್ಕಿನ ಹತ್ತಿರ ಬೆರಳಿನ ಮಾಂಸದಿಂದ ಮೀಟಿದಾಗ. ಬಲಗೈ ಮಾತ್ರ ಹಗುರ ಮಾಡಿಕೊಳ್ಳಬೇಕಾಯಿತು. ರಸಮಂಜರಿಯ ಅಭ್ಯಾಸದಲ್ಲಿ ಜೋರಾಗಿ ಎಳೆದರೆ ಸ್ವರ ಮೊದಲು ಏರಿ ಆಮೇಲೆ ಇಳಿಯುತ್ತದೆ, ಅಪಸ್ವರ ಅನ್ನಿಸುತ್ತದೆ.

ಜಾರುಗಳಲ್ಲಿ ಇದರ ಸುಖವೇ ಬೇರೆ. ನಮ್ಮ ಗಾಯಕಿಯದು ಐದೂವರೆ ಶ್ರುತಿ, ಅಂದರೆ ಜಿ ಶಾರ್ಪ್. ನನಗೆ ಷಡ್ಜ ಸಿಗುವುದು ಇ ತಂತಿಯ ನಾಲ್ಕನೇ ಫ್ರೆಟ್ಟಿನಲ್ಲಿ. ಪಂಚಮ ಎ ತಂತಿಯ ಆರನೇ ಫ್ರೆಟ್ಟಿನಲ್ಲಿ. ಖಾಲಿ ತಂತಿಯ ಕೆಲಸ ಕಡಿಮೆ, ಕೈ ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದೆ. ಚರಣ ಮುಗಿದು ಪಲ್ಲವಿಗೆ ಬರುವಾಗ ಪಂಚಮದಿಂದ ಷಡ್ಜಕ್ಕೆ ಇ ತಂತಿಯಲ್ಲೇ, ಹನ್ನೊಂದನೇ ಫ್ರೆಟ್ಟಿನಿಂದ ನಾಲ್ಕಕ್ಕೆ ಉದ್ದಕ್ಕೆ ಜಾರಿ ಬರುತ್ತೇನೆ. ಮೊದಲು ಅದನ್ನು ಮಾಡಲು ಹೆದರುತ್ತಿದ್ದೆ. ಈಗ ಬೆರಳು ಜಾರಿದ್ದು ಕೇಳುವುದಿಲ್ಲ, ಸ್ವರ ಜಾರಿದ್ದು ಮಾತ್ರ ಕೇಳುತ್ತದೆ. ತಬಲಾದವರು ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಸರಿ ಇದೆ ಅಂತಲೇ ಅರ್ಥ.

ಮೈಕ್‌ಸೆಟ್ಟಿನ ಅಣ್ಣಂದಿರ ಹತ್ತಿರ ಒಂದು ಮಾತು ಮೊದಲೇ ಹೇಳಿಟ್ಟುಕೊಳ್ಳಿ. ಬೇಸ್ ಅಂದ ಕೂಡಲೇ ಅವರು ಲೋ ನಾಬನ್ನು ಬಲಕ್ಕೆ ತಿರುಗಿಸುತ್ತಾರೆ. ನೈಲಾನ್ ತಂತಿಗೆ ಅದು ಬೇಡವೇ ಬೇಡ. ಖಾಲಿ ಇ ತಂತಿಯ ಸ್ವರ 41 ಹರ್ಟ್ಸ್, ದೊಡ್ಡ ಸಬ್ ಬಾಕ್ಸ್ ಅದನ್ನು ಹಾಲ್ ತುಂಬ ಗುಮ್ಮೆನ್ನಿಸುತ್ತದೆ, ಯಾವ ಸ್ವರ ಅಂತಲೇ ತಿಳಿಯುವುದಿಲ್ಲ. ನಾನು ಲೋ ಸ್ವಲ್ಪ ಇಳಿಸಿ, 800 ಹರ್ಟ್ಸ್ ಆಸುಪಾಸು ಸ್ವಲ್ಪ ಏರಿಸಲು ಕೇಳುತ್ತೇನೆ. ಆಗ ಹಿಂದಿನ ಸಾಲಿಗೂ ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ.

ಎಲ್ಲಕ್ಕೂ ಇದೇ ತಂತಿ ಸಾಕು ಅಂತ ನಾನು ಹೇಳುವುದಿಲ್ಲ. ಸ್ಲ್ಯಾಪ್, ಅಂದರೆ ಹೆಬ್ಬೆರಳಿನಿಂದ ತಂತಿಗೆ ಹೊಡೆದು ನುಡಿಸುವುದು, ಇದರಲ್ಲಿ ಸಪ್ಪೆ. ಪಿಕ್ ಹಿಡಿದು ನುಡಿಸಿದರೆ ಪ್ಲಾಸ್ಟಿಕ್ ಕೆರೆದ ಸದ್ದು. ಡ್ಯಾನ್ಸ್ ಹಾಡಿಗೆ ಹುಡುಗರು ಕುಣಿಯುವಾಗ ಇದು ಡ್ರಮ್ಸಿನ ಕೆಳಗೆ ಮುಳುಗಿಹೋಗುತ್ತದೆ. ಅದಕ್ಕೇ ರಸಮಂಜರಿಗೆ ರೌಂಡ್‌ವೌಂಡ್ ಹಾಕಿದ ಹಳೇ ಬೇಸು ಬೇರೆ ಇಟ್ಟಿದ್ದೇನೆ. ಇರುವುದು ಒಂದೇ ಬೇಸು, ಎರಡು ಕೆಲಸವೂ ಆಗಬೇಕು ಅಂದರೆ ನೈಲಾನ್ ಬೇಡ. ರೌಂಡ್‌ವೌಂಡ್ ತಂತಿಯ ಕೆಳಗೆ, ಬ್ರಿಡ್ಜಿನ ಪಕ್ಕ ಒಂದು ಸ್ಪಂಜ್ ತುಂಡು ತುರುಕಿ, ಟೋನ್ ಪೂರ್ತಿ ಇಳಿಸಿ. ಅರ್ಧ ದಾರಿ ಬಂದಂತಾಗುತ್ತದೆ, ಖರ್ಚೂ ಇಲ್ಲ. ಹಾರ್ಮೋನಿಯಂ ಜೊತೆಗೆ ನಾನೇ ಹಾಗೆ ಬಹಳ ಕಾಲ ತಳ್ಳಿದ್ದೇನೆ. ಫ್ರೆಟ್‌ಲೆಸ್ (ಫ್ರೆಟ್ಟೇ ಇಲ್ಲದ ಬೇಸು) ಇಟ್ಟುಕೊಂಡವರು ಮಾತ್ರ ಯೋಚಿಸುವುದೇ ಬೇಡ. ರೌಂಡ್‌ವೌಂಡ್ ಅವರ ಬೆರಳುಹಲಗೆಯನ್ನು ಅರದ ಥರ ತಿನ್ನುತ್ತದೆ, ನೈಲಾನ್ ತಿನ್ನುವುದಿಲ್ಲ.

ಬಾಳಿಕೆ ವಿಷಯದಲ್ಲಿ ಕೊಟ್ಟ ದುಡ್ಡು ಮೋಸವಿಲ್ಲ. ಬೇಸಿಗೆಯ ಪೆಂಡಾಲಿನಲ್ಲಿ ಬೆವರು ಇಳಿದು ಸ್ಟೀಲ್ ತಂತಿ ತಿಂಗಳೊಪ್ಪತ್ತಿನಲ್ಲಿ ಮಂಕಾಗುತ್ತದೆ. ಇದರಲ್ಲಿ ಬೆವರಿಗೆ ಲೋಹ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಹಳೇ ಸ್ಟೀಲ್ ತಂತಿಯನ್ನು ನೀರಲ್ಲಿ ಕುದಿಸಿ ಮತ್ತೆ ಹಾಕುವ ಉಳಿತಾಯ ನಮ್ಮಲ್ಲಿ ಇದೆಯಲ್ಲ, ಅದನ್ನು ಇದಕ್ಕೆ ಮಾಡಬೇಡಿ. ಪಟ್ಟಿ ಎಲ್ಲಾದರೂ ಬಾಯಿ ಬಿಟ್ಟಿದೆಯಾ ಅಂತ ಆಗಾಗ ಉಗುರಿನಿಂದ ಸವರಿ ನೋಡಿ. ಒಂದು ಕಡೆ ಬಿಟ್ಟುಕೊಂಡರೆ ಅಲ್ಲಿಂದ ಮುಂದಕ್ಕೆ ಬಿಚ್ಚುತ್ತಾ ಹೋಗುತ್ತದೆ. ಅಂಟು ಹಾಕಿ ಪ್ರಯೋಜನವಿಲ್ಲ, ಆ ತಂತಿ ಬದಲಾಯಿಸಬೇಕು. ಬಿಡಿ ತಂತಿ ಸಿಗುವುದು ಕಷ್ಟ, ಹಾಗಾಗಿ ಸೆಟ್ಟು ಬದಲಾಯಿಸಿದಾಗ ಚೆನ್ನಾಗಿರುವ ಹಳೇ ತಂತಿಗಳನ್ನು ಸುತ್ತಿ, ಯಾವುದು ಯಾವುದು ಅಂತ ಚೀಟಿ ಅಂಟಿಸಿ ಕೇಸಿನಲ್ಲಿ ಇಟ್ಟುಕೊಂಡಿರುತ್ತೇನೆ.