ಇಲ್ಲದ ನಾಡಿನ ಅಳತೆ

ಕಲ್ಪನೆಯ ನಾಡಿಗೆ ನಕ್ಷೆ ಬರೆಯುವುದರಲ್ಲಿ ಎರಡು ಬಗೆ. ಮೊದಲು ನಕ್ಷೆ ಬರೆದುಕೊಂಡು ಕಥೆಯನ್ನು ಅದರೊಳಗೆ ನಡೆಸುವುದು ಸುಖದ ಬಗೆ. ಕಥೆ ಮುಗಿದ ಮೇಲೆ ಅದರಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಬೆಟ್ಟ, ಹೊಳೆ, ಕೋಟೆಗಳನ್ನು ಹೆಕ್ಕಿ ಒಂದು ಹಾಳೆಯ ಮೇಲೆ ಕೂರಿಸುವುದು ಕಷ್ಟದ ಬಗೆ. ನನ್ನ ಪಾಲಿಗೆ ಬಂದದ್ದು ಎರಡನೆಯದು. ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ನಾನೂರು ಚಿಲ್ಲರೆ ಪುಟಗಳ ಫ್ಯಾಂಟಸಿ ಕಾದಂಬರಿ ಬರೆದು ಮುಗಿಸಿದ್ದರು. "ಆರಂಭದಲ್ಲಿ ಒಂದು ನಕ್ಷೆ ಇದ್ದರೆ ಚೆನ್ನ. ನಿಮಗೇನು, ಒಂದು ಭಾನುವಾರದ ಕೆಲಸ" ಎಂದು ಹಸ್ತಪ್ರತಿಯನ್ನು ಕೈಗಿಟ್ಟು ಹೋದರು. ನೀರಾವರಿ ಕಾಮಗಾರಿಗಳಿಗೆ ನಕ್ಷೆ ಬಿಡಿಸುವುದು ನನ್ನ ಕಸುಬು. ನೀರು ಏರಿಗೆ ಹತ್ತುತ್ತದೆ ಎಂದು ಯಾರಾದರೂ ಬರೆದರೆ ನನಗೆ ತಡೆಯಲಾಗುವುದಿಲ್ಲ ಎಂಬುದು ಅವರಿಗೆ ಆಗ ಗೊತ್ತಿರಲಿಲ್ಲ.

ಈ ಎರಡೂ ಬಗೆಯನ್ನು ಒಂದೇ ಪುಸ್ತಕದಲ್ಲಿ ಅನುಭವಿಸಿದವರು ರಾಬರ್ಟ್ ಲೂಯಿ ಸ್ಟೀವನ್‌ಸನ್. 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿದ್ದಾಗ ಅವರು ಹುಡುಗನೊಬ್ಬನ ಬಣ್ಣದ ಆಟಕ್ಕೆ ಜೊತೆಯಾಗಿ ಒಂದು ದ್ವೀಪದ ನಕ್ಷೆ ಬಿಡಿಸಿದರು. 'ಟ್ರೆಷರ್ ಐಲೆಂಡ್' ಹುಟ್ಟಿದ್ದು ಆ ನಕ್ಷೆಯಿಂದ. ಆದರೆ ಪುಸ್ತಕ ಅಚ್ಚಾಗುವ ಹೊತ್ತಿಗೆ ಮೂಲ ನಕ್ಷೆ ದಾರಿಯಲ್ಲೆಲ್ಲೋ ಕಳೆದುಹೋಯಿತು. ಆಗ ತಮ್ಮದೇ ಕಥೆಯನ್ನು ಮತ್ತೆ ಓದಿ, ಅದರಲ್ಲಿನ ಪ್ರತಿಯೊಂದು ಉಲ್ಲೇಖವನ್ನು ಪಟ್ಟಿ ಮಾಡಿ, ಕೈವಾರ ಹಿಡಿದು ಹೊಸ ನಕ್ಷೆ ಕಟ್ಟಬೇಕಾಯಿತು. ಎರಡನೆಯದು ತಮಗೆಂದೂ ನಿಜವಾದ ನಕ್ಷೆ ಅನ್ನಿಸಲೇ ಇಲ್ಲ ಎಂದು ಅವರು ಹೇಳಿಕೊಂಡಿದ್ದಾರೆ. ಸ್ವಂತ ಕಥೆಗೇ ಇಷ್ಟು ಪಾಡು. ನನ್ನ ಮುಂದಿದ್ದದ್ದು ಇನ್ನೊಬ್ಬರ ಕಥೆ.

ನಾನು ಮೊದಲು ಮಾಡಿದ್ದು ಇದೇ ಪಟ್ಟಿಯ ಕೆಲಸ. ಒಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದುಕೊಂಡು ನಾಲ್ಕು ಅಂಕಣ ಎಳೆದೆ: ದಿಕ್ಕು, ದೂರ, ಹಿಡಿದ ಕಾಲ, ಕಂಡ ನೋಟ. ಕಥೆಯ ರಸದ ಕಡೆಗೆ ಕಣ್ಣು ಹಾಯಿಸದೆ ಪುಟ ತಿರುಗಿಸುವುದು ಒಂದು ಬಗೆಯ ಅರಸಿಕತನವೇ. ನಾಯಕಿ ಕಣ್ಣೀರಿಡುತ್ತಿರುವಾಗ ಅವಳ ಮುಖಕ್ಕೆ ಬಿದ್ದ ಸಂಜೆಬಿಸಿಲು ಯಾವ ಕಡೆಯಿಂದ ಬಂತು ಎಂದು ಬರೆದುಕೊಳ್ಳುತ್ತಿದ್ದೆ. ಬಿಸಿಲು ಎಡಗೆನ್ನೆಗೆ ಬಿದ್ದಿದ್ದರೆ ಅವಳು ಬಡಗಣಕ್ಕೆ ಮುಖ ಮಾಡಿದ್ದಾಳೆ, ಹಾಗಾದರೆ ಅವಳು ನೋಡುತ್ತಿರುವ ಬೆಟ್ಟವೂ ಬಡಗಣದಲ್ಲಿದೆ. ಲೇಖಕರು ದಿಕ್ಕನ್ನು ನೇರವಾಗಿ ಹೇಳುವುದು ಅಪರೂಪ. ಅದು ಸಿಗುವುದು ಹೀಗೆ, ಕೆನ್ನೆಯ ಮೇಲಿನ ಬಿಸಿಲಿನಲ್ಲಿ.

'ಕಂಡ ನೋಟ' ಎಂಬ ಅಂಕಣ ನನಗೆ ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿತು. ಕೋಟೆಯ ಬುರುಜಿನಿಂದ ಕಡಲು ಕಾಣುತ್ತದೆ ಎಂದು ಮೇಷ್ಟ್ರು ಒಂದು ಕಡೆ ಬರೆದಿದ್ದರು. ಕೋಟೆಯಿಂದ ಕಡಲಿಗೆ ಎಷ್ಟು ದೂರ ಎಂದು ಎಲ್ಲೂ ಹೇಳಿರಲಿಲ್ಲ. ಆದರೆ ಭೂಮಿ ದುಂಡಗಿರುವುದರಿಂದ ಎತ್ತರಕ್ಕೆ ತಕ್ಕಷ್ಟೇ ದೂರ ಕಾಣುತ್ತದೆ. ನಿಂತ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಬೆಟ್ಟ 400 ಮೀಟರ್ ಎಂದುಕೊಂಡರೆ ವರ್ಗಮೂಲ 20, ದಿಗಂತ 71 ಕಿಲೋಮೀಟರ್. ನಡುವೆ ಬೇರೆ ಗುಡ್ಡ ಅಡ್ಡವಿರಬಾರದು, ಹವೆ ತಿಳಿಯಾಗಿರಬೇಕು. ಅಲ್ಲಿಗೆ ಕೋಟೆಯ ಸುತ್ತ 71 ಕಿಲೋಮೀಟರಿನ ವೃತ್ತ ಎಳೆದರೆ ಕರಾವಳಿ ಆ ವೃತ್ತದೊಳಗೆ ಎಲ್ಲಾದರೂ ಬರಲೇಬೇಕು. ಒಂದು ವಾಕ್ಯದಿಂದ ಇಡೀ ಪಡುವಣ ಗಡಿ ಹತೋಟಿಗೆ ಬಂತು.

ದೂರಕ್ಕೆ ಬೇರೆ ಲೆಕ್ಕ. ಹೆಗಲಿಗೆ ಗಂಟು ಹಾಕಿಕೊಂಡು ನಡೆಯುವವರು ದಿನಕ್ಕೆ 25 ಕಿಲೋಮೀಟರ್ ನಡೆದರೆ ಹೆಚ್ಚು, ಹೇರು ತುಂಬಿದ ಎತ್ತಿನಗಾಡಿ 20 ಹೋದರೆ ಹೆಚ್ಚು. ಘಟ್ಟ ಹತ್ತುವಾಗ ಅದರಲ್ಲಿ ಅರ್ಧ. ನಕ್ಷೆಯ ಮೂಲೆಯ ಅಳತೆಪಟ್ಟಿಯಲ್ಲಿ ಕಿಲೋಮೀಟರ್ ಹಾಕಲು ಮನಸ್ಸಾಗಲಿಲ್ಲ. ಕತ್ತಿ ಗುರಾಣಿಯ ನಾಡಿಗೆ ಹರದಾರಿಯೇ ಒಪ್ಪುತ್ತದೆ. ಒಂದು ಹರದಾರಿ ಹತ್ತಿರಹತ್ತಿರ ಮೂರು ಮೈಲಿ, ಅಂದರೆ ಐದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಐದು ಹರದಾರಿ ಎಂದರೆ ಒಂದು ದಿನದ ನಡಿಗೆ. ಓದುಗರು ಬೆರಳಿನಲ್ಲೇ ಅಳೆದುಕೊಳ್ಳಬಹುದು.

ಓದುಗರು ಬೆಟ್ಟದ ಆಕಾರವನ್ನು ಕ್ಷಮಿಸುತ್ತಾರೆ, ಪ್ರಯಾಣದ ಲೆಕ್ಕವನ್ನು ಕ್ಷಮಿಸುವುದಿಲ್ಲ ಎಂಬುದು ನನ್ನ ನಂಬಿಕೆ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ಅವರ ಮೋರ್ಡೋರ್ ನಾಡಿನ ಬೆಟ್ಟಸಾಲುಗಳು ಪೆಟ್ಟಿಗೆಯ ಅಂಚಿನ ಹಾಗೆ ನೆಟ್ಟಗೆ ತಿರುಗುತ್ತವೆ. ಭೂವಿಜ್ಞಾನ ಬಲ್ಲವರು ಅದನ್ನು ಆಡಿಕೊಳ್ಳುತ್ತಲೇ ಬಂದಿದ್ದಾರೆ, ಆದರೆ ಆ ಕಾರಣಕ್ಕೆ ಪುಸ್ತಕ ಕೆಳಗಿಟ್ಟವರನ್ನು ನಾನು ಕಾಣೆ. ಪಾತ್ರಗಳು ಎಷ್ಟು ದಿನ ನಡೆದವು, ಆ ರಾತ್ರಿ ಚಂದ್ರ ಎಷ್ಟಿದ್ದ ಎಂಬುದರಲ್ಲಿ ಮಾತ್ರ ಟೋಲ್ಕಿನ್ ಬಲು ಕಟ್ಟುನಿಟ್ಟು. ನಕ್ಷೆ ಮೊದಲು ಬರೆದು ಕಥೆಯನ್ನು ಅದಕ್ಕೆ ಹೊಂದಿಸಿದ್ದು ಜಾಣತನವಾಯಿತು ಎಂದು 1954ರ ಒಂದು ಪತ್ರದಲ್ಲಿ ಅವರೇ ಬರೆದಿದ್ದಾರೆ. ಮೇಷ್ಟ್ರ ಕಾದಂಬರಿಗೂ ನಾನು ಒಂದು ಪುಟ್ಟ ಪಂಚಾಂಗ ಮಾಡಿದೆ. ಹುಣ್ಣಿಮೆಯ ರಾತ್ರಿ ಸೆರೆಮನೆಯಿಂದ ತಪ್ಪಿಸಿಕೊಂಡವನು ಆರು ದಿನ ನಡೆದು ಮತ್ತೊಂದು ಹುಣ್ಣಿಮೆಯ ಬೆಳಕಿನಲ್ಲಿ ಹೊಳೆ ದಾಟುತ್ತಿದ್ದ. ಎರಡನೆಯದನ್ನು ಮೇಷ್ಟ್ರು ನಡುರಾತ್ರಿಯ ಹೊತ್ತಿಗೆ ಮೂಡುವ ಅರ್ಧಚಂದ್ರ ಮಾಡಿದರು. ಕತ್ತಲಲ್ಲಿ ಚಂದ್ರನಿಗಾಗಿ ಕಾಯುವ ಆ ದೃಶ್ಯ ಮೊದಲಿಗಿಂತ ಚೆನ್ನಾಗಿ ಬಂತು.

ಕುದುರೆಯ ವಿಷಯಕ್ಕೆ ಮಾತ್ರ ಜಗಳವೇ ಆಯಿತು. ಬೆಟ್ಟದ ಕೋಟೆಯಿಂದ ರಾಜಧಾನಿಗೆ ಉಪ್ಪಿನ ಗಾಡಿಗಳು ಎಂಟು ದಿನ ತೆಗೆದುಕೊಳ್ಳುತ್ತವೆ. ಅದೇ ದಾರಿಯನ್ನು ಯುವರಾಜ ಒಂದು ಇರುಳಿನಲ್ಲಿ ಮುಗಿಸುತ್ತಾನೆ.

"ಮೇಷ್ಟ್ರೇ, ಇದು 160 ಕಿಲೋಮೀಟರ್. ಕುದುರೆ ಸಾಯುತ್ತದೆ" ಎಂದೆ.

"ಮಾಯಾನಾಡಿನ ಕುದುರೆಯಪ್ಪಾ ಅದು!"

"ಹಾಗಿದ್ದರೆ ಹಿಂದಿನ ಅಧ್ಯಾಯದಲ್ಲಿ ಅದಕ್ಕೆ ಕಾಲು ಉಳುಕಿದ್ದೇಕೆ?"

ಮೇಷ್ಟ್ರು ಒಂದಷ್ಟು ಹೊತ್ತು ಮಾತಾಡಲಿಲ್ಲ. ನನಗೆ ಮಾಯೆಯ ಬಗ್ಗೆ ತಕರಾರಿಲ್ಲ. ಶಾಪ, ಮಂತ್ರ, ಹಾರುವ ಕುದುರೆ ಯಾವುದಿದ್ದರೂ ಅದು ಕಥೆಯಲ್ಲಿ ಬರೆದಿದ್ದರೆ ನಕ್ಷೆಗೂ ಒಪ್ಪಿಗೆ. ಲೆಕ್ಕ ತಪ್ಪಿದ ಕಡೆಗೆ ಮಾಯೆಯ ತೇಪೆ ಹಚ್ಚುವುದಕ್ಕೆ ಮಾತ್ರ ಒಪ್ಪಿಗೆಯಿಲ್ಲ. ಕೊನೆಗೆ ದಾರಿ ತೋರಿಸಿದ್ದು ಅಮೆರಿಕದ ಪೋನಿ ಎಕ್ಸ್‌ಪ್ರೆಸ್. 1860ರಲ್ಲಿ ಶುರುವಾದ ಆ ಅಂಚೆಯ ಸವಾರರು ಹತ್ತು ಹದಿನೈದು ಮೈಲಿಗೊಮ್ಮೆ ಕುದುರೆ ಬದಲಿಸುತ್ತ ಒಂದು ಸರದಿಯಲ್ಲಿ 75ರಿಂದ 100 ಮೈಲಿ ಓಡಿಸುತ್ತಿದ್ದರು. ನೂರು ಮೈಲಿ ಎಂದರೆ ನಮ್ಮ 160 ಕಿಲೋಮೀಟರೇ. ನಕ್ಷೆಯಲ್ಲಿ ಆ ದಾರಿಗುಂಟ ಲಾಯಗಳ ಸಾಲು ಬಂತು. ಒಂದು ಲಾಯದಲ್ಲಿ ಕುದುರೆ ಕೊಡಲು ತಕರಾರು ತೆಗೆಯುವ ಮುದುಕಿಯೊಬ್ಬಳು ಕಾದಂಬರಿಯೊಳಗೆ ಹುಟ್ಟಿಕೊಂಡಳು. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟವಾದ ಪಾತ್ರ ಅವಳೇ.

ಇನ್ನು ನೀರು. ನನ್ನ ಮಟ್ಟಿಗೆ ನಕ್ಷೆಯೆಂದರೆ ಮೊದಲು ಮಳೆ, ಆಮೇಲೆ ಹೊಳೆ, ಆಮೇಲೆ ಊರು, ಎಲ್ಲಕ್ಕಿಂತ ಕೊನೆಗೆ ರಾಜರ ಗಡಿ. ಗಡಿಯಿಂದ ಶುರುಮಾಡುವವರ ನಕ್ಷೆಗಳಲ್ಲಿ ನದಿಗಳು ಅಲಂಕಾರಕ್ಕೆ ಬಿಟ್ಟ ಬಳ್ಳಿಗಳಾಗಿಬಿಡುತ್ತವೆ. ಮೇಷ್ಟ್ರ ನಾಡಿಗೆ ಪಡುವಣದಲ್ಲಿ ಕಡಲು, ಅದರಾಚೆ ಎತ್ತರದ ಬೆಟ್ಟಸಾಲು. ಮಳೆಗಾಳಿ ಕಡಲಿನಿಂದ ಬೀಸುತ್ತದೆ ಎಂದು ಅವರೇ ಬರೆದಿದ್ದರು. ಆದರೆ ಬರಗಾಲದಿಂದ ಬೇಯುವ ಪಟ್ಟಣವನ್ನು ಕಡಲಿಗೂ ಬೆಟ್ಟಕ್ಕೂ ನಡುವೆ ಇಟ್ಟಿದ್ದರು! ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಘಟ್ಟದಾಚೆ, ನೇರ ಗೆರೆಯಲ್ಲಿ 200 ಕಿಲೋಮೀಟರಿನೊಳಗಿರುವ ಚಳ್ಳಕೆರೆಯಲ್ಲಿ 500ರ ಆಸುಪಾಸು. ಬೆಟ್ಟ ಮಳೆಯನ್ನು ತನ್ನ ಪಡುವಣ ಮೈಗೆ ಸುರಿಸಿಕೊಂಡು ಮೂಡಣಕ್ಕೆ ಒಣಗಾಳಿ ಬಿಡುತ್ತದೆ. ಕಡಲಂಚಿನಲ್ಲೇ ಮರಳುಗಾಡು ಇರಲಾರದೆಂದಲ್ಲ. ಆಫ್ರಿಕದ ನಮೀಬ್, ದಕ್ಷಿಣ ಅಮೆರಿಕದ ಅಟಕಾಮ ಎರಡೂ ಕಡಲಿನ ಪಕ್ಕದಲ್ಲೇ ಇವೆ. ಅಲ್ಲಿ ಕರಾವಳಿಗುಂಟ ತಣ್ಣನೆಯ ಸಾಗರ ಪ್ರವಾಹವಿದೆ, ಅದರ ಮೇಲಿನ ತಂಪು ಗಾಳಿ ಮೇಲೇರಿ ಮಳೆಯಾಗುವುದಿಲ್ಲ. ಆದರೆ ಮೇಷ್ಟ್ರ ಪಟ್ಟಣದಿಂದ ಒಂದು ದಿನದ ದಾರಿಯಲ್ಲಿ ಕಾಳುಮೆಣಸಿನ ಬಳ್ಳಿ ಹಬ್ಬಿತ್ತು. ಪಟ್ಟಣವನ್ನು ಬೆಟ್ಟದ ಮೂಡಣಕ್ಕೆ ಎತ್ತಿಡುವುದು ಬಿಟ್ಟು ಬೇರೆ ದಾರಿಯಿರಲಿಲ್ಲ.

ಅವರ ಮಹಾನದಿಯೋ, ನಾಡಿನ ನಡುವೆ ಎರಡಾಗಿ ಸೀಳಿ ಒಂದು ಕವಲು ಪಡುವಣ ಕಡಲಿಗೂ ಇನ್ನೊಂದು ಮೂಡಣ ಕಡಲಿಗೂ ಸೇರುತ್ತಿತ್ತು. ಫ್ಯಾಂಟಸಿ ನಕ್ಷೆಗಳಲ್ಲಿ ಇದು ಪದೇಪದೇ ಕಾಣುವ ರೋಗ. ಹೊಳೆಗಳು ಕೂಡುತ್ತ ಹೋಗುತ್ತವೆಯೇ ಹೊರತು ಒಡೆಯುತ್ತ ಹೋಗುವುದಿಲ್ಲ. ಶಿವನಸಮುದ್ರದಲ್ಲಿ ಕಾವೇರಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕುತ್ತದೆ ನಿಜ, ಆದರೆ ಮುಂದೆ ಮತ್ತೆ ಒಂದಾಗುತ್ತದೆ. ಕಡಲು ಸೇರುವ ಮುಖಜಭೂಮಿಯ ಮಾತು ಬೇರೆ. "ನನಗೆ ಎರಡು ಕಡಲಿಗೂ ಒಂದೇ ತಾಯಿಯ ನೀರು ಬೇಕು" ಎಂದು ಮೇಷ್ಟ್ರು ಹಟ ಹಿಡಿದರು. ಅದಕ್ಕೆ ಗಂಗಾಮೂಲವಿದೆಯಲ್ಲ. ತುಂಗಾ, ಭದ್ರಾ, ನೇತ್ರಾವತಿ ಮೂರಕ್ಕೂ ಅದೇ ಬೆಟ್ಟ ತವರು. ನೇತ್ರಾವತಿ ಪಡುವಣಕ್ಕಿಳಿದು ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ತುಂಗಾ, ಭದ್ರಾ ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯನ್ನು ಕೂಡಿ, ಬಂಗಾಳ ಕೊಲ್ಲಿಯವರೆಗೆ ನಡೆಯುತ್ತವೆ. ಸೀಳಿದ ನದಿಯ ಬದಲು ಒಂದೇ ಶಿಖರದ ಎರಡು ಮೈಗಳಲ್ಲಿ ಹುಟ್ಟುವ ಅಕ್ಕತಂಗಿಯರು ಬಂದರು. ಸಮುದ್ರ ಹತ್ತಿರವಿದ್ದರೂ ಬೆನ್ನು ತಿರುಗಿಸಿ ನಡೆದ ಅಕ್ಕನ ಬಗ್ಗೆ ಮೇಷ್ಟ್ರು ಒಂದು ಲಾವಣಿಯನ್ನೇ ಬರೆದರು.

ಕರಾವಳಿಯ ಅಂಕುಡೊಂಕನ್ನು ಕೈಯಿಂದ ಬರೆದರೆ ಅಲೆಗಳು ಒಂದೇ ಅಳತೆಯವಾಗಿಬಿಡುತ್ತವೆ. ನಾನು ಮಳೆಗಾಲದಲ್ಲಿ ಹಿತ್ತಿಲ ಗೋಡೆಯ ಸುಣ್ಣ ಉದುರಿದ ಕಲೆಯ ಮೇಲೆ ಟ್ರೇಸಿಂಗ್ ಹಾಳೆ ಒತ್ತಿ ಅಂಚನ್ನು ಪೆನ್ಸಿಲಿನಲ್ಲಿ ಎತ್ತಿಕೊಂಡೆ. ದೊಡ್ಡ ಕೊಲ್ಲಿಯೊಳಗೆ ಚಿಕ್ಕ ಕೊಲ್ಲಿ, ಅದರೊಳಗೆ ಇನ್ನೂ ಚಿಕ್ಕದು, ಅಂಚಿನಾಚೆ ಉದುರಿದ ಚೂರುಗಳಂಥ ದ್ವೀಪಗಳು, ಎಲ್ಲವೂ ಅಲ್ಲೇ ಇದ್ದವು. ಮನೆಯವರು ಗೋಡೆಗೆ ಸುಣ್ಣ ಬಳಿಸುವ ಮಾತೆತ್ತಿದಾಗ ಒಂದು ವಾರ ತಡೆಯಲು ಹೇಳಬೇಕಾಯಿತು.

ಅಂಚುಗಳಲ್ಲಿ ಏನು ಬರೆಯಬೇಕು ಎಂಬುದಕ್ಕೆ ನನಗೆ ಮಾದರಿ ಸಿಕ್ಕಿದ್ದು ಕಿಷ್ಕಿಂಧಾ ಕಾಂಡದಲ್ಲಿ. ಸೀತೆಯನ್ನು ಹುಡುಕಲು ಹೊರಟ ವಾನರರಿಗೆ ಸುಗ್ರೀವ ನಾಲ್ಕೂ ದಿಕ್ಕಿನ ದಾರಿ ಹೇಳುತ್ತಾನೆ. ಮೊದಲು ಜನ ಬಲ್ಲ ನದಿ, ದೇಶ, ಬೆಟ್ಟಗಳು. ದೂರ ಹೋದಂತೆ ವಿಚಿತ್ರ ಜನ, ಬಂಗಾರದ ಗಿರಿಗಳು, ಕೊನೆಗೆ ಸೂರ್ಯನೂ ಬೆಳಗದ, ಅದರಾಚೆ ತನಗೂ ಗೊತ್ತಿಲ್ಲದ ಎಲ್ಲೆ. ನಡುವೆ ಗಟ್ಟಿ, ಅಂಚಿಗೆ ಹೋದಷ್ಟೂ ಮಸುಕು. ಅಲ್ಲಿ ಬದುಕುವವರು ಬಲ್ಲಷ್ಟನ್ನೇ ನಕ್ಷೆ ಹೇಳಬೇಕು. ಹಾಗಾಗಿ ರಾಜಧಾನಿಯ ಸುತ್ತ ಕೆರೆಕಟ್ಟೆಗಳನ್ನೂ ಬಿಡದೆ ಗುರುತಿಸಿದೆ, ಬಡಗಣ ಕಾಡನ್ನು ಕೇಳಿದ ಮಾತಿನಂತೆ ನಾಲ್ಕು ಮರ ಬರೆದು ಬಿಟ್ಟೆ.

ಹೆಸರುಗಳಲ್ಲಿ ಮೇಷ್ಟ್ರು ಎಲ್ಲ ಕಡೆಗೂ 'ಪುರ', 'ಗಿರಿ' ಹಂಚಿದ್ದರು. ಘಟ್ಟದ ಊರುಗಳಿಗೆ ಕೊಪ್ಪ, ಮಕ್ಕಿ, ಬಯಲಿನ ಊರುಗಳಿಗೆ ಕೆರೆ, ಹಾಳ ಎಂಬ ಕೊನೆಗಳನ್ನು ಸೂಚಿಸಿದೆ. ಅರ್ಧ ಒಪ್ಪಿದರು.

ಅಕ್ಷರ ಕೂರಿಸುವ ಕೆಲಸಕ್ಕೆ ಇಂಗ್ಲಿಷ್ ನಕ್ಷೆಗಳ ಪಾಠ ಅರ್ಧದಷ್ಟೂ ನೆರವಾಗುವುದಿಲ್ಲ. ಅವರು ಬೆಟ್ಟಸಾಲಿನ ಹೆಸರನ್ನು ಅಕ್ಷರಕ್ಕೊಂದು ಅಂತರ ಬಿಟ್ಟು ಸಾಲಿನುದ್ದಕ್ಕೂ ಹರಡುತ್ತಾರೆ. 'ಕರ್ಕೋಟಕ ಶ್ರೇಣಿ' ಎಂಬುದನ್ನು ಹಾಗೆ ಹರಡಲು ಹೋದರೆ ಕೆಲವು ತಂತ್ರಾಂಶಗಳಲ್ಲಿ ಅರ್ಕಾವೊತ್ತು ಒಂದು ಕಡೆ, ಕೊಂಬು ಒಂದು ಕಡೆ ಚೆದುರಿಹೋಗುತ್ತದೆ. ಪ್ರತಿ ಅಕ್ಷರವನ್ನೂ ಅದರ ಒತ್ತು, ಗುಣಿತದ ಸಮೇತ ಬೇರೆ ಬೇರೆ ತುಂಡಾಗಿ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಇಟ್ಟು, ಬಾಗಿಗೆ ತಕ್ಕಂತೆ ಕೈಯಿಂದಲೇ ತಿರುಗಿಸಿದೆ. ಒತ್ತುಗಳು ಕೆಳಗೆ ಇಳಿಯುವುದರಿಂದ ಹೆಸರಿನ ಕೆಳಗೆ ಜಾಗ ಬಿಡಬೇಕು, ಇಲ್ಲವಾದರೆ ಹೊಳೆ ಒತ್ತಕ್ಷರದ ನಡುವೆ ನುಗ್ಗುತ್ತದೆ. ನೀರಿನ ಹೆಸರುಗಳನ್ನು ವಾಲಿಸಿ ಬರೆಯುವ ರೂಢಿಯನ್ನೂ ಕೈಬಿಟ್ಟೆ. ಕನ್ನಡ ಅಕ್ಷರ ವಾಲಿದರೆ ಬಿದ್ದುಹೋಗುವಂತೆ ಕಾಣುತ್ತದೆ. ಹೊಳೆ, ಕಡಲುಗಳ ಹೆಸರನ್ನು ತೆಳುವಾದ ದುಂಡಕ್ಷರದಲ್ಲಿ ಕೈಯಲ್ಲೇ ಬರೆದು ಸ್ಕ್ಯಾನ್ ಮಾಡಿದೆ.

ಪುಸ್ತಕ 1/8 ಡೆಮಿ ಆಕಾರದ್ದು, ಕಾಗದ ಮ್ಯಾಪ್‌ಲಿಥೊ, ಕಪ್ಪು ಬಿಳುಪು. ಎದುರುಬದುರಿನ ಎರಡು ಪುಟಕ್ಕೆ ನಕ್ಷೆ ಹರಡಿದರೆ ನಡುವಿನ ಮಡಿಕೆ ಬೆರಳಗಲದಷ್ಟು ನುಂಗುತ್ತದೆ. ಆ ಜಾಗಕ್ಕೆ ಹೆಸರಿಲ್ಲದ ಬಯಲು ಬರುವಂತೆ ಇಡೀ ನಾಡನ್ನು ಪಡುವಣಕ್ಕೆ ಸರಿಸಿದೆ. ಬಹಳ ಸಣ್ಣ ಗೆರೆಗಳು ಆ ಕಾಗದದಲ್ಲಿ ಮುರಿದುಹೋಗುತ್ತವೆ. ಹಾಗಾಗಿ ಬೆಟ್ಟಗಳ ನೆರಳಿಗೆ ಎಳೆದಿದ್ದ ನವಿರು ಗೆರೆಗಳಲ್ಲಿ ಮುಕ್ಕಾಲು ಭಾಗ ತೆಗೆದುಹಾಕಿದೆ.

ಮೇಷ್ಟ್ರು ಈಗ ಎರಡನೆಯ ಭಾಗ ಬರೆಯುತ್ತಿದ್ದಾರೆ, ಈ ಬಾರಿ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು. ಯುವರಾಜ ಹಾಯಿಹಡಗಿನಲ್ಲಿ ಪಡುವಣ ದ್ವೀಪಗಳಿಗೆ ಹೋಗಿ ಹದಿನೈದು ದಿನದಲ್ಲಿ ಹಿಂತಿರುಗಬೇಕಂತೆ. ಹೋಗುವುದಕ್ಕೊಂದು ಗಾಳಿ, ಬರುವುದಕ್ಕೊಂದು ಗಾಳಿ, ಎರಡರ ನಡುವೆ ತಿಂಗಳುಗಟ್ಟಲೆ ಬಂದರಿನಲ್ಲಿ ಕಾಯಬೇಕು ಎಂದು ಹೇಳಿದ್ದೇನೆ. ಕಾಯುವಷ್ಟು ದಿನ ಆ ದ್ವೀಪದಲ್ಲಿ ಅವನು ಊಟಕ್ಕೆ ಏನು ಮಾಡುತ್ತಾನೆ ಎಂದು ನನ್ನನ್ನೇ ಕೇಳುತ್ತಿದ್ದಾರೆ.